ಉಸಿರೆಳೆಯದ ಹಾಡು

ಆ ಧ್ವನಿ ತನ್ನದಲ್ಲ ಎಂಬ ಅನುಮಾನ ಪ್ರೇಕ್ಷಾಳಿಗೆ ಮೊದಲು ಬಂದದ್ದು ಡೊಂಬಿವಲಿಯ ಒಂದು ಸಭಾಗೃಹದಲ್ಲಿ, ೨೦೧೦ರ ಜೂನ್ ತಿಂಗಳ ಮಧ್ಯಾಹ್ನ. ಸಂಜೆಯ ಕಾರ್ಯಕ್ರಮಕ್ಕೆ ಸೌಂಡ್ ಚೆಕ್ ನಡೆಯುತ್ತಿತ್ತು. ಅವಳ ಹೊಸ ಹಾಡಿನ ಟ್ರ್ಯಾಕ್ ಹಾಕಿದ್ದರು. ಹಿಂದಿನಿಂದ ರೆಕಾರ್ಡ್ ಮಾಡಿದ ಹಾಡು ಬರುತ್ತಿರುವಾಗ ಮುಂದೆ ಕುಣಿಯುತ್ತ ತುಟಿ ಆಡಿಸುವುದು ಅವಳಿಗೆ ವರ್ಷಗಳಿಂದ ರೂಢಿ. ಅದರಲ್ಲಿ ಅವಳಿಗೆ ಮುಜುಗರವೇನೂ ಇರಲಿಲ್ಲ. ಹಾಡಿದವಳು ತಾನೇ ತಾನೆ?

ಸ್ಟೇಜಿನ ಅಂಚಿನಲ್ಲಿ ಕೂತು ನೀರು ಕುಡಿಯುತ್ತಿದ್ದಳು. ಎರಡನೇ ಚರಣದ ಕೊನೆಯ ಸಾಲು ಬಂತು. ಸಾಲಿನ ನಡುವೆ ಅವಳ ಎದೆ ತಾನಾಗಿಯೇ ಉಸಿರೆಳೆದುಕೊಂಡಿತು. ಸ್ಪೀಕರಿನೊಳಗೆ ಹಾಡುತ್ತಿದ್ದವಳು ಎಳೆದುಕೊಳ್ಳಲಿಲ್ಲ. ಅದೇ ದಮ್ಮಿನಲ್ಲಿ ಸಾಲನ್ನು ಕೊನೆಮುಟ್ಟಿಸಿ, ಮೇಲಿನ ಸ್ವರದಲ್ಲಿ ಆರಾಮಾಗಿ ನಿಂತುಬಿಟ್ಟಳು.

ಪ್ರೇಕ್ಷಾ ಹುಟ್ಟಿ ಬೆಳೆದದ್ದು ಠಾಣೆಯ ವರ್ತಕ ನಗರದಲ್ಲಿ. ಅಪ್ಪ ಲೀಲಾಧರ ಕಾಪು ಕಡೆಯವರು, ಹೋಟೆಲ್ ಮ್ಯಾನೇಜರ್ ಆಗಿದ್ದರು. ಅವಳು ಶಾಲೆಯಲ್ಲಿರುವಾಗಲೇ ತೀರಿಕೊಂಡರು. ಮನೆಯಲ್ಲಿ ಉಳಿದವರು ತಾಯಿ ಅಕ್ಕು, ಅಣ್ಣ ಯತಿನ್. ಹತ್ತೊಂಬತ್ತನೇ ವಯಸ್ಸಿಗೆ, ನವರಾತ್ರಿ ಪೆಂಡಾಲಿನಲ್ಲಿ ಹಾಡುತ್ತಿದ್ದವಳನ್ನು ಕ್ಯಾಸೆಟ್ ಕಂಪನಿಯವನೊಬ್ಬ ಕೇಳಿ ವಾಶಿಯ ಸ್ಟುಡಿಯೋಗೆ ಕರೆಸಿದ. ಎದುರು ಮನೆಯ ಹುಡುಗನಿಗೆ ಕಿಟಕಿ ತೆರೆ ಎಂದು ಕೆಣಕುವ ಹಿಂದಿ ಹಾಡು ಅದು. ಮೂರೇ ತಿಂಗಳಲ್ಲಿ ಅದು ರಿಕ್ಷಾಗಳನ್ನು, ಮದುವೆ ಬ್ಯಾಂಡುಗಳನ್ನು, ಆಮೇಲೆ ಮೊಬೈಲುಗಳನ್ನು ಹೊಕ್ಕಿತು. ಜನ ಮೆಚ್ಚಿದ್ದು ಅವಳ ಎತ್ತರದ ಸ್ವರವನ್ನು. ಯತಿನ್ ಕೊರಿಯರ್ ಆಫೀಸಿನ ಕೆಲಸ ಬಿಟ್ಟು ತಂಗಿಯ ಮ್ಯಾನೇಜರ್ ಆದ.

೨೦೦೮ರ ಆರಂಭದಲ್ಲಿ ಗಂಟಲಿನಲ್ಲಿ ಗಂಟಾಗಿ ಆಪರೇಷನ್ ಆಯಿತು. ಆರು ತಿಂಗಳು ಅವಳು ಸ್ಲೇಟಿನಲ್ಲಿ ಬರೆದೇ ಮಾತಾಡಿದಳು. ಮತ್ತೆ ಸ್ಟುಡಿಯೋಗೆ ಹೋದಾಗ ಗಂಟಲಿಗೆ ಆಯಾಸ ಬೇಡವೆಂದು ಹೆಡ್‌ಫೋನಿನಲ್ಲಿ ಅವಳ ದನಿ ಬಿಡದೆ ವಾದ್ಯ ಮಾತ್ರ ಬಿಟ್ಟರು. ಒಳಗಿನಿಂದ ತನ್ನ ದನಿ ದಪ್ಪಗೆ, ಒರಟಾಗಿ ಕೇಳಿಸಿತು. "ಒಳಗಿಂದ ಎಲ್ಲರಿಗೂ ಹಾಗೇ ಕೇಳುವುದು ಮೇಡಂ, ಹಾಡು ಹೊರಗೆ ಬಂದ ಮೇಲೆ ಕೇಳಿ," ಎಂದಿದ್ದ ರೆಕಾರ್ಡಿಸ್ಟ್ ಸರ್ವೋತ್ತಮ. ವಾರದ ನಂತರ ಹಾಡು ಕೈಗೆ ಬಂದಾಗ ನಿಜಕ್ಕೂ ಅದೇ ಹಳೆಯ ಧ್ವನಿ. ಅವಳು ಅಂದು ಅಮ್ಮನನ್ನು ತಬ್ಬಿಕೊಂಡು ಅತ್ತಿದ್ದಳು, ನಕ್ಕಿದ್ದಳು. ಆಮೇಲಿನ ಎರಡು ವರ್ಷವೂ ಹಾಗೆಯೇ ನಡೆದಿತ್ತು.

ಡೊಂಬಿವಲಿಯಿಂದ ಬಂದ ಮರುದಿನ ಬೆಳಿಗ್ಗೆ ದೋಸೆ ತಿನ್ನುತ್ತ ಕೇಳಿದಳು, "ಯತಿನ್, ಆ ಸಾಲಲ್ಲಿ ನಾನು ಉಸಿರು ತಗೊಂಡದ್ದು ಎಲ್ಲಿ ಹೋಯ್ತು?"

"ಕಂಪ್ಯೂಟರಲ್ಲಿ ಕಟ್ ಮಾಡ್ತಾರೆ ಮಾರಾಯ್ತಿ. ಫಾಲ್ತು ಟೆನ್ಶನ್ ಯಾಕೆ?"

ಅಕ್ಕು ಒಲೆಯ ಕಡೆಯಿಂದ ತಿರುಗದೆಯೇ ಹೇಳಿದಳು, "ನಿನ್ನದೇ ಸ್ವರ ಅದು. ಬೇರೆ ಯಾರದ್ದಾದ್ರೂ ಆಗ್ಲಿಕ್ಕೆ ಉಂಟಾ?"

ಪ್ರೇಕ್ಷಾಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಬೇರೆಯವರ ಮಾತನ್ನು ಅವಳು ಎತ್ತಿಯೇ ಇರಲಿಲ್ಲ.

ಆ ದಿನದಿಂದ ಮನೆ ಅವಳಿಗೆ ಬೇರೆಯಾಗಿಯೇ ಕಂಡಿತು. ಯತಿನ್ ಫೋನ್ ಬಂದರೆ ಬಾಲ್ಕನಿಗೆ ಹೋಗುತ್ತಿದ್ದ. ಮೊದಲೂ ಹೋಗುತ್ತಿದ್ದನೇ, ಅವಳಿಗೆ ನೆನಪಾಗಲಿಲ್ಲ. ಅವಳು ಒಳಗೆ ಬಂದರೆ ಟೀವಿಯ ಸದ್ದು ಏರುತ್ತಿತ್ತು. ಗಂಟಲಿನ ಡಾಕ್ಟರ ರಿಪೋರ್ಟು ಹುಡುಕಿದಳು. ಎಲ್ಲ ಫೈಲುಗಳೂ ಇದ್ದವು, ಅದೊಂದೇ ಇರಲಿಲ್ಲ. "ಎಲ್ಲೋ ಇರ್ತದೆ," ಎಂದಳು ಅಕ್ಕು, ಹುಡುಕಲು ಏಳಲಿಲ್ಲ.

ಜುಲೈಯಲ್ಲಿ ಮುಂದಿನ ಹಾಡಿನ ರೆಕಾರ್ಡಿಂಗ್ ಬಂದಾಗ ಅವಳು ಒಂದು ಕೆಲಸ ಮಾಡಿದಳು. ಬರೆದುಕೊಟ್ಟ ಸಾಲಿನಲ್ಲಿ 'ಬಾದಲ್' ಎಂದಿತ್ತು. ಬೇಕೆಂದೇ 'ಕಾಜಲ್' ಎಂದು ಹಾಡಿದಳು. ಹಿಂದೆ ಒಂದು ದೀರ್ಘ ತಪ್ಪಿದರೂ ಹಾಡು ನಿಲ್ಲಿಸಿ ತಿದ್ದುತ್ತಿದ್ದ ಸರ್ವೋತ್ತಮ ಗಾಜಿನಾಚೆಯಿಂದ ಹೆಬ್ಬೆರಳೆತ್ತಿ ತೋರಿಸಿದ. "ಪರ್ಫೆಕ್ಟ್, ಮೇಡಂ."

ಹತ್ತು ದಿನಕ್ಕೆ ಸೀಡಿ ಬಂತು. ಬಾಗಿಲು ಹಾಕಿಕೊಂಡು ಕೇಳಿದಳು. ಸ್ಪಷ್ಟವಾಗಿ, ಸುಖವಾಗಿ 'ಬಾದಲ್' ಎಂದಿತು ಆ ಧ್ವನಿ. ಕಂಪ್ಯೂಟರ್ ಉಸಿರನ್ನು ಕತ್ತರಿಸಬಹುದು, ಸ್ವರವನ್ನು ಎತ್ತಬಹುದು. ಹಾಡದ ಮಾತನ್ನು ಎಲ್ಲಿಂದ ತರುತ್ತದೆ?

ಯಾರಿಗೂ ಹೇಳಲಿಲ್ಲ. ಮಂಗಳವಾರ ಯತಿನ್ ಕಲ್ಯಾಣಕ್ಕೆ ಯಾರನ್ನೋ ನೋಡಲು ಹೋಗುತ್ತೇನೆಂದ. ಅವನು ಹೊರಟ ಅರ್ಧ ಗಂಟೆಗೆ ಅವಳು ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಠಾಣೆ ಸ್ಟೇಷನ್ನಿನಲ್ಲಿ ವಾಶಿ ಲೋಕಲ್ ಹತ್ತಿದಳು. ಲೇಡೀಸ್ ಡಬ್ಬಿಯಲ್ಲಿ ಕಾಲೇಜು ಹುಡುಗಿಯ ಫೋನು ಬಡಿದುಕೊಂಡಿತು, ಅವಳದೇ ಹೊಸ ಹಾಡು. ಹುಡುಗಿ ಅವಳನ್ನು ಗುರುತಿಸಲಿಲ್ಲ. ಪ್ರೇಕ್ಷಾಳಿಗೂ ಆ ಹಾಡಿನ ಗುರುತು ಹತ್ತಲಿಲ್ಲ.

ಸ್ಟುಡಿಯೋದ ಬಾಗಿಲು ತಳ್ಳಿದಾಗ ಸರ್ವೋತ್ತಮ ಕುರ್ಚಿಯಿಂದ ಹೌಹಾರಿ ಎದ್ದ. ಗಾಜಿನಾಚೆ ಮೈಕಿನ ಮುಂದೆ ಕಾಟನ್ ಸೀರೆ ಉಟ್ಟ, ಇಪ್ಪತ್ತೆರಡರ ಸುಮಾರಿನ ಹುಡುಗಿಯೊಬ್ಬಳು ಕಣ್ಣು ಮುಚ್ಚಿ ಹಾಡುತ್ತಿದ್ದಳು. ಪ್ರೇಕ್ಷಾಳ ಹಳೆಯ ಕಂಠ, ಕೊಂಕು ಬಿನ್ನಾಣ ಎಲ್ಲ ಸೇರಿ ಹಾಗೆಯೇ ಇತ್ತು. ಕಣ್ಣು ಬಿಟ್ಟವಳೇ ಹುಡುಗಿ ಹೊರಗೆ ಓಡಿಬಂದು ಅವಳ ಕಾಲು ಮುಟ್ಟಿದಳು.

"ಬರ್ರಿ ಅಕ್ಕಾರ! ಕಡೀಗೂ ಬಂದ್ರಿ. ನಾ ಅನಸೂಯಾ."

"ನಿಂಗೆ ನಾನು ಗೊತ್ತಾ?"

"ಹಿಂಗ್ಯಾಕ ಕೇಳ್ತೀರಿ? ನೀವೇ ಅಲ್ರಿ ನನಗ ಹಾಡು ಅಂದವರು. ನಿಮಗ ಗಂಟಲ ನೋವದ, ನಾಕು ದಿನ ಸಂಭಾಳ್ಸು ಅಂತ ನೀವೇ ಹೇಳೀರಿ ಅಂದ್ರು ಯತಿನ್ ಸರ್. ನಿಮ್ಮ ಹಳೀ ಸೀಡಿ ಕೇಳಿ ಕೇಳಿ, ನೀವು ಎಲ್ಲಿ ನಗತೀರಿ, ಎಲ್ಲಿ ಉಗುಳ ನುಂಗತೀರಿ, ಎಲ್ಲಾ ಕಲ್ತೀನ್ರಿ."

ಅವಳು ಠಾಣೆಯ ಪಕ್ಕದ ಕಳವಾ ಊರಿನವಳು. ಅಪ್ಪ ಅಂಬಾರಾಯ ಕಲಬುರಗಿ ಕಡೆಯಿಂದ ಬಂದು ತುರ್ಭೆಯ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ. ಭಜನಾ ಮೇಳದಲ್ಲಿ ಹಾಡುತ್ತಿದ್ದವಳನ್ನು ಯತಿನ್ ಕಂಡುಹಿಡಿದಿದ್ದ.

"ದೀಪಾವಳಿಗಿ ನೀವು ಕಳಿಸಿದ ಸೀರಿ ನಮ್ಮವ್ವ ಇನ್ನಾ ಉಡತಾಳ್ರಿ. ನಿಮ್ಮ ತಾಯವರೇ ಮನೀಗಿ ಬಂದು ಕೊಟ್ಟು ಹೋದ್ರು."

ಇದರಲ್ಲಿ ಅಮ್ಮನೂ ಇದ್ದಳು. ಈ ಹುಡುಗಿ ಸುಳ್ಳು ಹೇಳುತ್ತಿದ್ದಾಳೆಯೇ ಎಂದು ಪ್ರೇಕ್ಷಾ ಅವಳ ಮುಖವನ್ನೇ ದಿಟ್ಟಿಸಿದಳು. ಅಲ್ಲಿ ಸುಳ್ಳಿನ ಸುಳಿವಿರಲಿಲ್ಲ.

"ಸರ್ವೋತ್ತಮ, ನಾನು ಹಾಡಿದ್ದೆಲ್ಲ ಎಲ್ಲಿದೆ?"

ಅವನು ತಲೆ ತಗ್ಗಿಸಿದ. "ಅಳಿಸಿಬಿಡು ಅಂತ ಹೇಳಿದ್ರು. ನಂಗೆ ಮನಸ್ಸು ಬರ್ಲಿಲ್ಲ ಮೇಡಂ."

"ಹಾಕು."

ಕೇಳಿದ ಧ್ವನಿ ತಗ್ಗಿನದು, ಕರಕರ ಅನ್ನುವಂಥದು. ಕೆಳಗಿನ ಸಾಲುಗಳಲ್ಲಿ ಹೇಗೋ ನಿಂತಿತು. ಮೇಲೆ ಹತ್ತಹೋದಾಗ ಸೋಡಾ ಬಾಟಲಿಯ ಬಾಯಿಗೆ ಊದಿದ ಹಾಗೆ ಬರಿ ಗಾಳಿ. ಇದು ತಾನೇ ಎಂದು ಹೇಗೆ ನಂಬುವುದು? ಇದನ್ನೂ ಇವರು ಎಲ್ಲಿಂದಲೋ ತಂದಿಟ್ಟಿದ್ದರೆ? ಅಷ್ಟರಲ್ಲಿ ಆ ಒಡಕು ಧ್ವನಿ 'ಕಾಜಲ್' ಎಂದಿತು. ಅದು ಅವಳೇ ಬೇಕೆಂದು ಹಾಡಿದ ತಪ್ಪು. ಎರಡು ವರ್ಷದಿಂದ ತನ್ನ ಧ್ವನಿ ಹೇಗಿದೆಯೆಂದು ಗೊತ್ತಿರದಿದ್ದವಳು ತಾನೊಬ್ಬಳೇ.

ಮನೆಯಲ್ಲಿ ಯತಿನ್ ಮೊದಲು ಕೂಗಾಡಿದ, ಆಮೇಲೆ ಬೇಡಿಕೊಂಡ. "ಯಾರಿಗೋಸ್ಕರ ಮಾಡಿದ್ದು? ನಿನ್ನ ಹೆಸರು ಉಳೀಲಿ ಅಂತ ತಾನೆ?"

ಅಕ್ಕು ಕೂಗಲಿಲ್ಲ. "ಮೇಲಿನ ಸ್ವರ ಇನ್ನು ಬರುವುದಿಲ್ಲ ಅಂತ ಡಾಕ್ಟ್ರು ಆಗ್ಲೇ ಹೇಳಿದ್ದರು. ನೀನು ಊಟ ಬಿಟ್ಟು ಗೋಡೆ ನೋಡ್ತಾ ಕೂತಿದ್ದಿ. ಆ ಹಾಡು ಕೇಳಿದ ದಿನ ನಕ್ಕಿ, ಮಗಾ. ನಂಗೆ ಅಷ್ಟೇ ಸಾಕಿತ್ತು."

"ನಾನು ನಕ್ಕದ್ದು ಅವಳ ಹಾಡಿಗಾ ಅಮ್ಮಾ?"

ಅಕ್ಕು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ನವೆಂಬರಿನಲ್ಲಿ ಕಲ್ಯಾಣದಲ್ಲಿ ದೊಡ್ಡ ಕಾರ್ಯಕ್ರಮವಿತ್ತು. ಅನಸೂಯಾಳ ಹೆಸರು ಪೋಸ್ಟರಿನಲ್ಲಿ ಇದ್ದರೆ ಮಾತ್ರ ಬರುತ್ತೇನೆ ಎಂದಳು ಪ್ರೇಕ್ಷಾ. ಯತಿನ್ ಒಪ್ಪಿದ. ಅವಳು ನಂಬಲಿಲ್ಲ, ತಾನೇ ಪ್ರೆಸ್ಸಿಗೆ ಹೋಗಿ ಹಸಿ ಶಾಯಿಯ ಪೋಸ್ಟರ್ ನೋಡಿದಳು. ಆ ಹೆಸರು ಇರಲಿಲ್ಲ. ಎದುರು ನಿಂತು ಹಾಕಿಸಿದಳು. ಯತಿನ್ ಅದೇ ವಾರ ಮನೆ ಬಿಟ್ಟು ನೆರೂಳಿಗೆ ಹೋದ.

ಅನಸೂಯಾಳಿಗೂ ಈಗ ಅನುಮಾನ. ಸ್ಟೇಜಿನ ಹಿಂದೆ ಕೇಳಿದಳು, "ಖರೇ ಹೇಳ್ರಿ ಅಕ್ಕಾರ, ಇದರಾಗ ನಿಮಗೇನು ಸಿಗತದ? ಮಂದಿ ಮುಂದ ನಿಲ್ಲಿಸಿ ನನಗ ಕಳ್ಳಿ ಅನ್ನಸ್ತೀರೇನು?"

"ನನ್ನ ಹೆಸರಲ್ಲಿ ಹಾಡುವುದು ನೀನು ಬಿಡ್ತಿಯಲ್ಲ, ಅದು ಸಿಗ್ತದೆ," ಎಂದಳು ಪ್ರೇಕ್ಷಾ.

ಹೊರಗೆ ಹೋಗಿ ಮೈಕ್ ಹಿಡಿದು, ಎರಡು ವರ್ಷದ ಹಾಡುಗಳನ್ನು ಹಾಡಿದವಳು ಇವಳು ಎಂದು ಹಿಂದಿಯಲ್ಲಿ, ಮತ್ತೆ ಮರಾಠಿಯಲ್ಲಿ ಹೇಳಿದಳು. ಜನ ತಮಾಷೆಯೆಂದು ನಕ್ಕರು. ಟ್ರ್ಯಾಕ್ ಇಲ್ಲದೆ, ಒಂದು ಕೀಬೋರ್ಡು ಮತ್ತು ಢೋಲಕಿಯ ಜೊತೆ ಅನಸೂಯಾ ಹಾಡತೊಡಗಿದಳು. ಎರಡನೇ ಚರಣದ ಆ ಸಾಲನ್ನು ಒಂದೇ ದಮ್ಮಿನಲ್ಲಿ ಮುಗಿಸಿದಾಗ ನಗು ನಿಂತಿತ್ತು. ಆಮೇಲೆ ಪ್ರೇಕ್ಷಾ ತನ್ನ ಒಡಕು ದನಿಯಲ್ಲಿ ಕಿಟಕಿಯ ಹಾಡನ್ನು ತಗ್ಗಿಸಿ, ನಿಧಾನವಾಗಿ ಹಾಡಿದಳು. ಹಿಂದಿನ ಸಾಲಿನವರು ಎದ್ದು ಹೋದರು. ಮುಂದಿನ ಸಾಲಿನ ಕೆಲವು ಹೆಂಗಸರು ಕೊನೆಯವರೆಗೂ ಕೂತರು.

ಇದೆಲ್ಲ ಪ್ರಚಾರದ ಗಿಮಿಕ್ ಎಂದು ಒಂದು ಪತ್ರಿಕೆ ಬರೆಯಿತು. ಆ ಹುಡುಗಿಯೇ ಪ್ರೇಕ್ಷಾಳ ಹಳೆಯ ಟ್ರ್ಯಾಕಿಗೆ ತುಟಿ ಆಡಿಸಿದಳೆಂದು ಇಂಟರ್ನೆಟ್ಟಿನಲ್ಲಿ ಹಲವರು ಪಟ್ಟು ಹಿಡಿದರು. ಹಾಗಿದ್ದರೂ ೨೦೧೩ರಲ್ಲಿ ಅನಸೂಯಾಳ ಹೆಸರಿನಲ್ಲೇ ಅವಳ ಆಲ್ಬಮ್ ಬಂತು. ಪ್ರೇಕ್ಷಾಳನ್ನು ದೊಡ್ಡ ಸ್ಟೇಜುಗಳು ಕರೆಯುವುದು ನಿಂತುಹೋಯಿತು. ಐರೋಲಿಯ ಒಂದು ಚಿಕ್ಕ ಹಾಲ್‌ನಲ್ಲಿ ಭಾನುವಾರ ಸಂಜೆ ಐವತ್ತು ಜನರಿಗೆ ಹಾಡುತ್ತಿದ್ದಳು.

೨೦೧೪ರಲ್ಲಿ ತನ್ನ ತಗ್ಗು ದನಿಗೆಂದೇ ಬರೆಸಿದ ಹಾಡೊಂದನ್ನು ರೆಕಾರ್ಡ್ ಮಾಡಲು ಸರ್ವೋತ್ತಮನ ಬಳಿಗೆ ಹೊರಟಾಗ, ಅಕ್ಕು ತಾನೂ ಬರುತ್ತೇನೆಂದಳು. ಹಾಡಿ ಹೊರಬಂದು ಪ್ರೇಕ್ಷಾ ಅದನ್ನು ಅಮ್ಮನಿಗೆ ಕೇಳಿಸಿದಳು.

"ಚೆನ್ನಾಗುಂಟು," ಎಂದಳು ಅಕ್ಕು.

ಪ್ರೇಕ್ಷಾ ಅಮ್ಮನ ಮುಖವನ್ನೇ ನೋಡುತ್ತ ನಿಂತಳು.

ಅಕ್ಕು ಚಪ್ಪಲಿಯ ಕಡೆ ನೋಡಿದಳು, ಸರ್ವೋತ್ತಮನ ಕಡೆ ನೋಡಿದಳು, ಕೊನೆಗೆ ಮಗಳ ಕಡೆ ನೋಡಿದಳು. "ಎರಡನೇ ಸಾಲು ಚೆನ್ನಾಗಿಲ್ಲ. ಕಾಗೆ ಕೂಗಿದ ಹಾಗೆ ಆಯ್ತು."

ಪ್ರೇಕ್ಷಾ ಜೋರಾಗಿ ನಕ್ಕು, ಆ ಸಾಲನ್ನು ಮತ್ತೆ ಹಾಡಲು ಒಳಗೆ ಹೋದಳು.