ಚೂಟಿಯ ಟಬ್ಬಿಗೆ ಹಾಕಿದ ಮೂಳೆ

ಮೂಳೆಗಳನ್ನು ಗೋಣಿಚೀಲಕ್ಕೆ ತುಂಬಿ, ಬಾಯಿ ಬಿಗಿದು, ದೊಡ್ಡ ಸುತ್ತಿಗೆ ಎತ್ತಿದನೆಂದರೆ ಕಟುಕನಿಗೆ ಲೋಕದ ಪರಿವೆ ಇರುತ್ತಿರಲಿಲ್ಲ. ತಾರಸಿ ಅದುರುತ್ತಿತ್ತು. ನೆಲಮಹಡಿಯಲ್ಲಿ ತಮ್ಮನ ಮನೆಯ ಕಪಾಟಿನೊಳಗೆ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಗುಡುತ್ತಿದ್ದವು. ಬೆಳಗಿನಿಂದ ಅಂಗಡಿಯಲ್ಲಿ ಕಡಿದವನಿಗೆ ಮನೆಗೆ ಬಂದ ಮೇಲೂ ಬಡಿಯುವ ಕೆಲಸವೇ ಬೇಕೇ ಎಂದು ಹೆಂಡತಿ ಕೇಳಿ ಕೇಳಿ ಸೋತಿದ್ದಳು. ಅವನು ಸೊಪ್ಪು ಹಾಕಿರಲಿಲ್ಲ.

"ಟೊಮೆಟೊಗೆ ಕಣೇ" ಎನ್ನುತ್ತಿದ್ದ, ಬೆವರು ಒರೆಸಿಕೊಂಡು. "ಬೇರಿಗೆ ಬಲ ಬರುತ್ತೆ."

ಇದರ ಹಿಂದೆ ಇದ್ದದ್ದು ಟೊಮೆಟೊ ಅಲ್ಲ, ತಮ್ಮನ ನಗು. ತಾರಸಿ ಇಬ್ಬರಿಗೂ ಸೇರಿದ್ದು. ನಡುವೆ ನೀರಿನ ಟ್ಯಾಂಕು, ಎಡಕ್ಕೆ ಅಣ್ಣನ ಟಬ್ಬುಗಳು, ಬಲಕ್ಕೆ ತಮ್ಮನವು. ಮೊದಲ ಸಲ ಕಟುಕ ಎಲ್ಲೋ ಮನೆ ಕಟ್ಟುವವರು ಪಾಯ ತೋಡಿದ ಮಣ್ಣನ್ನು ಪುಕ್ಕಟೆ ಸಿಕ್ಕಿತೆಂದು ಹೊತ್ತು ತಂದು ಟಬ್ಬುಗಳಿಗೆ ಒತ್ತಿ ಒತ್ತಿ ತುಂಬಿದ್ದ. ನೆಲದಲ್ಲಿದ್ದಾಗ ಒಳ್ಳೆಯದೇ ಆಗಿದ್ದ ಮಣ್ಣು ಟಬ್ಬಿಗೆ ಬಂದದ್ದೇ ಇಟ್ಟಿಗೆಯಾಯಿತು. ಹಾಕಿದ ನೀರು ಮೇಲೆಯೇ ನಿಂತಿತು, ಬದನೆಯ ಬೇರು ಕೊಳೆಯಿತು. ತಮ್ಮ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಬೋಲ್ಟು ಎಷ್ಟು ಸುತ್ತು ತಿರುಗಬೇಕೋ ಅಷ್ಟೇ ತಿರುಗಿಸುವ ಪೈಕಿ. ಎರಡು ಪಾಲು ತೆಂಗಿನ ನಾರಿನ ಕೋಕೋಪೀಟ್, ಎರಡು ಪಾಲು ಹಳೆಯ ಕಾಂಪೋಸ್ಟ್, ಒಂದು ಪಾಲು ದಪ್ಪ ಮರಳು ಎಂದು ಅಳೆದು ಬೆರೆಸಿದ ಅವನ ಮಿಶ್ರಣದಲ್ಲಿ ಬೆರಳಿಟ್ಟರೆ ಬೆರಳು ಬುಡದವರೆಗೆ ಇಳಿಯುತ್ತಿತ್ತು. ಅಣ್ಣನ ಟಬ್ಬನ್ನು ಬೆರಳ ಗಂಟಿನಿಂದ ಬಡಿದು ನೋಡಿ ಅವನು, "ಅಣ್ಣಾ, ಇದರಲ್ಲಿ ಗಿಡ ಯಾಕೆ, ಗೋಡೆ ಕಟ್ಟು" ಎಂದಿದ್ದ. ಎರಡೂ ಮನೆಯವರು ಬಿದ್ದು ಬಿದ್ದು ನಕ್ಕಿದ್ದರು. ಕಟುಕನೂ ನಕ್ಕಿದ್ದ. ಆದರೆ ಆ ನಗು ಅವನ ಗಂಟಲಿನಿಂದ ಕೆಳಗೆ ಇಳಿದಿರಲಿಲ್ಲ.

ತಮ್ಮನ ಪಾಲುಗಳನ್ನು ಕದ್ದು ನೋಡಿ ತಾನೂ ಹಾಗೆಯೇ ಬೆರೆಸಬಹುದಿತ್ತು. ಆದರೆ ಹಟ ಎಂಬುದೊಂದಿದೆಯಲ್ಲ! ತಮ್ಮನ ಬಳಿ ಇಲ್ಲದ್ದು ತನ್ನ ಬಳಿ ಏನಿದೆ ಎಂದು ಯೋಚಿಸಿದ. ಇದ್ದದ್ದು ಮೂಳೆ. ಅಂಗಡಿಯಲ್ಲಿ ಉಳಿದದ್ದನ್ನು ಹಂಡೆಯಲ್ಲಿ ಅರ್ಧಂಬರ್ಧ ಕುದಿಸಿ, ಜಜ್ಜಿ, ಹೆಬ್ಬೆರಳ ಗಾತ್ರದ ಚೂರು ಮಾಡಿ ಟಬ್ಬುಗಳ ತಳಕ್ಕೆ ಹಾಕತೊಡಗಿದ.

"ಮೂಳೆ ಪುಡಿ ಹಾಕೋದು ತಪ್ಪಲ್ಲ ಅಣ್ಣಾ" ಎಂದ ತಮ್ಮ, ಮೂಗು ಮುಚ್ಚಿಕೊಂಡು. "ಆದ್ರೆ ಅದನ್ನ ಚೆನ್ನಾಗಿ ಬೇಯಿಸಿ, ಕೊಬ್ಬು ತೆಗೆದು, ಒಣಗಿಸಿ, ಹಿಟ್ಟಿನ ಥರ ಮಾಡಿ ಒಂದು ಹಿಡಿ ಹಾಕ್ತಾರೆ. ನೀನು ಹಾಕ್ತಿರೋದು ನಾಯಿ ಊಟ. ನೋಡ್ತಿರು, ನಾಯಿ ಬಂದೇ ಬರುತ್ತೆ."

"ಬರ್ಲಿ ಬಿಡೋ, ನನ್ನ ನಾಯಿ ತಾನೆ? ನಿನ್ನ ಪ್ಯಾಕೆಟ್ ಮಣ್ಣನ್ನ ನಾಯಿನೂ ಮೂಸಲ್ಲ."

ನಾಯಿ ಎಂದರೆ ಮೋಟ. ಬಾಲ ಅರ್ಧಕ್ಕೆ ಕಡಿದುಹೋಗಿದ್ದ, ಅಂಗಡಿಯ ಬಾಗಿಲಲ್ಲಿ ಬಿದ್ದಿರುತ್ತಿದ್ದ ಕಂದು ನಾಯಿ. ಕಟುಕ ಅಂಗಡಿ ಮುಚ್ಚಿದರೆ ಅದೂ ಎದ್ದು ಮನೆಯವರೆಗೆ, ಮೆಟ್ಟಿಲು ಹತ್ತಿ ತಾರಸಿಯವರೆಗೆ ಹಿಂಬಾಲಿಸುತ್ತಿತ್ತು. ಮೂಳೆ ಹೂತ ಮೇಲಂತೂ ಟಬ್ಬುಗಳ ಸುತ್ತ ಮೂಸುತ್ತಾ ತಿರುಗತೊಡಗಿತು. ಒಮ್ಮೆ ಮೆಣಸಿನ ಗಿಡವನ್ನು ಬುಡಸಮೇತ ಕೆದಕಿ ಹಾಕಿತು. ಓಡಿಸಲು ಹೋದ ಹೆಂಡತಿಗೆ ಹಲ್ಲು ತೋರಿಸಿ ಗುರ್ ಎಂದಿತು. ಕಟುಕ ಅದರ ಬೆನ್ನಿಗೆ ಒಂದು ಒದೆ ಕೊಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕ.

ನಕ್ಕಿದ್ದಷ್ಟೇ ಆಗಿದ್ದರೆ ಕ್ಷಮಿಸಬಹುದಿತ್ತು. ಅವನು ಇನ್ನೂ ಒಂದು ಕೆಲಸ ಮಾಡಿದ್ದ.

ಕಟುಕನಿಗೆ ಮಕ್ಕಳಿರಲಿಲ್ಲ. ತಮ್ಮನ ಮಗಳು ಚೂಟಿ ಇರುವಾಗ ಅವನಿಗೆ ಅದು ಕೊರತೆ ಎನಿಸಿಯೂ ಇರಲಿಲ್ಲ. ಬೀದಿಯ ಮಕ್ಕಳು ಅವನ ರಕ್ತದ ಏಪ್ರನ್ ಕಂಡರೆ ಅಮ್ಮಂದಿರ ಹಿಂದೆ ಸರಿಯುತ್ತಿದ್ದವು. ಚೂಟಿ ಮಾತ್ರ ಶಾಲೆಯ ಚೀಲ ಎಸೆದು ನೇರ ತಾರಸಿಗೆ ಓಡಿಬಂದು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ದೊಡ್ಡಪ್ಪನ ಗಡ್ಡದಲ್ಲಿ ಸಿಕ್ಕ ಮಣ್ಣು ಹೆಕ್ಕುತ್ತಾ ದಿನದ ವರದಿ ಒಪ್ಪಿಸುತ್ತಿದ್ದಳು. ಟ್ಯಾಂಕಿನ ಮುಂದೆ, ಯಾರ ಪಾಳಯಕ್ಕೂ ಸೇರದ ಹಾಗೆ, ಅವಳದೇ ಒಂದು ನೀಲಿ ಟಬ್ಬಿತ್ತು. ಅದರಲ್ಲಿ ಕ್ಯಾರೆಟ್. ಮಣ್ಣು ತುಂಬಿಕೊಟ್ಟವನು ಅಪ್ಪ. ಬೀಜ ಬಿತ್ತುವ ಮುನ್ನ ಯಾರೂ ಇಲ್ಲದ ಹೊತ್ತು ನೋಡಿ ಕಟುಕ ಆ ಟಬ್ಬನ್ನು ಮಗುಚಿ, ತಳಕ್ಕೆ ಎರಡು ಬೊಗಸೆ ಮೂಳೆ ಸುರಿದು, ಮತ್ತೆ ಮಣ್ಣು ತುಂಬಿ ತಟ್ಟಿದ್ದ. ತನ್ನ ಟಬ್ಬುಗಳಿಗಿಂತ ಅದಕ್ಕೇ ಜಾಸ್ತಿ ಹಾಕಿದ್ದ, ಮಜ್ಜೆ ತುಂಬಿದ್ದನ್ನೇ ಆರಿಸಿ. ಪ್ರೀತಿಯಿಂದಲೇ ಹಾಕಿದ್ದ, ಅದರಲ್ಲಿ ಎರಡು ಮಾತಿಲ್ಲ. ಕ್ಯಾರೆಟ್ ತೋಳಿನಷ್ಟು ಬೆಳೆದಾಗ, ಅದು ದೊಡ್ಡಪ್ಪನ ಕೈಗುಣ ಎಂದು ತಮ್ಮನ ಮುಂದೆ ಮೀಸೆ ತಿರುವುವ ಆಸೆಯೂ ಅಷ್ಟೇ ಇತ್ತು.

ಆ ಸಂಜೆ ಕಟುಕ ತಾರಸಿಯ ಮೂಲೆಯಲ್ಲಿ ಕಾಂಪೋಸ್ಟ್ ಜರಡಿ ಹಿಡಿಯುತ್ತಿದ್ದ. ಮೋಟ ನೀಲಿ ಟಬ್ಬಿನ ಅಂಚಿಗೆ ಮುಂಗಾಲು ಕೊಟ್ಟು ಕೆದಕುತ್ತಿತ್ತು. ಬೆನ್ನು ಆ ಕಡೆಗಿದ್ದುದರಿಂದ ಕಟುಕನಿಗೆ ಕಾಣಲಿಲ್ಲ. ಮೆಟ್ಟಿಲು ಹತ್ತಿ ಬಂದ ಚೂಟಿಗೆ ಕಂಡಿತು.

"ಏಯ್ ಮೋಟ! ಅದು ನಂದು!"

ಅವಳು ಟಬ್ಬಿಗೆ ಕೈ ಹಾಕಿ ತನ್ನ ಕ್ಯಾರೆಟ್ ಗಿಡಗಳನ್ನು ಅಪ್ಪಿಕೊಳ್ಳಲು ಹೋದಳು. ನಾಯಿಗೆ ಆಗಷ್ಟೇ ಮಜ್ಜೆಯ ಮೂಳೆ ಬಾಯಿಗೆ ಸಿಕ್ಕಿತ್ತು. ಅದು ಮೂಳೆ ಬಿಟ್ಟು ಕೈ ಹಿಡಿಯಿತು.

ಚೂಟಿಯ ಕೂಗಿಗೆ ಕಟುಕ ತಿರುಗಿದಾಗ ನಾಯಿ ಅವಳ ಮುಂಗೈಯನ್ನು ಕಚ್ಚಿ ತಲೆಯನ್ನು ಆಚೀಚೆ ಒದರುತ್ತಿತ್ತು. ಮಗುವನ್ನು ಗೊಂಬೆಯ ಹಾಗೆ ತನ್ನ ಹಿಂದೆ ಹಿಂದೆ ಎಳೆದಾಡಿತು. ಗೋಡೆಗೆ ಒರಗಿಸಿದ್ದ ಸಲಿಕೆ ಕೈಗೆ ಹೇಗೆ ಬಂತೋ ಅವನಿಗೇ ತಿಳಿಯದು. ಮೊದಲ ಏಟು ನಾಯಿಯ ಸೊಂಟಕ್ಕೆ ಬಿತ್ತು. ನಾಯಿ ಕೈ ಬಿಟ್ಟಿತು. ಹಿಂಗಾಲು ಎಳೆದುಕೊಂಡು, ಕುಂಯ್‌ಗುಡುತ್ತಾ, ಟ್ಯಾಂಕಿನ ಅಡಿಗೆ ನುಸುಳಿತು.

ಅಲ್ಲಿಗೆ ಮುಗಿಯಬೇಕಿತ್ತು. ನಾಯಿ ಕೈ ಬಿಟ್ಟಿತ್ತು, ಮಗು ನೆಲದ ಮೇಲೆ ಕೂತಿತ್ತು, ತೋಳಿನಿಂದ ರಕ್ತ ಫ್ರಾಕಿಗೆ ಇಳಿಯುತ್ತಿತ್ತು. ಮನುಷ್ಯನಾದವನು ಮೊದಲು ಮಗುವನ್ನು ಎತ್ತಿಕೊಳ್ಳಬೇಕಿತ್ತು. ಕಟುಕನ ಮೈಮೇಲೆ ಏನು ಬಂದಿತ್ತೋ, ಅವನು ಮಂಡಿಯೂರಿ ಟ್ಯಾಂಕಿನ ಅಡಿಗೆ ಕೈ ತೂರಿಸಿ, ನಾಯಿಯ ಹಿಂಗಾಲು ಹಿಡಿದು ಈಚೆ ಎಳೆದ. ಅದು ಅವನ ಮುಖ ನೋಡಿ ಮೋಟು ಬಾಲ ಆಡಿಸಿತು. ಅವನು ಸಲಿಕೆಯ ಅಂಚಿನಿಂದ ಅದರ ತಲೆಗೆ ಹೊಡೆದ. ಮತ್ತೆ ಹೊಡೆದ. "ನನ್ನ ಮಗು ಮುಟ್ತೀಯಾ? ನನ್ನ ಮಗು ಮುಟ್ತೀಯಾ?" ಎನ್ನುತ್ತಾ, ನಾಯಿಯ ಉಸಿರು ನಿಂತ ಮೇಲೂ, ತಲೆ ತಲೆಯಾಗಿ ಉಳಿಯದ ಮೇಲೂ ಹೊಡೆದ. ಪ್ರತಿ ಏಟಿಗೂ ಸಲಿಕೆ ನೆಲಕ್ಕೆ ತಾಗಿ ಕಿಡಿ ಹಾರುತ್ತಿತ್ತು. ರಕ್ತ ಅವನ ಮುಖಕ್ಕೆ, ಟ್ಯಾಂಕಿಗೆ, ತಮ್ಮನ ಟೊಮೆಟೊ ಎಲೆಗಳಿಗೆ ಸಿಡಿಯಿತು. ಚೂಟಿ ಅಳುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

"ರೀ! ಮಗು ರಕ್ತ ಸುರಿಸ್ತಾ ಕೂತಿದೆ, ನೀವು ಸತ್ತ ನಾಯಿನ ಹೊಡೀತಿದ್ದೀರಲ್ರೀ!"

ಕೂಗು ಕೇಳಿ ಮೇಲೆ ಓಡಿಬಂದ ಹೆಂಡತಿ ಅವನನ್ನು ದೂಡಿ, ಚೂಟಿಯನ್ನು ಬಾಚಿಕೊಂಡು, ನಲ್ಲಿಯ ಕೆಳಗೆ ಅವಳ ಕೈ ಹಿಡಿದು ಸೋಪು ಹಚ್ಚಿ ತೊಳೆದಳು. ಆಗ ಅವನ ಕೈಯಿಂದ ಸಲಿಕೆ ಜಾರಿತು. ಅವನು ಹತ್ತಿರ ಬರಲು ಹೆಜ್ಜೆ ಎತ್ತಿದರೆ ಅವಳು, "ಅಲ್ಲೇ ನಿಲ್ಲಿ" ಎಂದಳು. ಮದುವೆಯಾದಾಗಿನಿಂದ ಅವಳು ಆ ದನಿಯಲ್ಲಿ ಮಾತಾಡಿರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸು ಮೊದಲು ಕೇಳಿದ್ದೇ ನಾಯಿ ಎಲ್ಲಿ ಎಂದು. ಕೊಂದೆ ಎಂದು ಕಟುಕ ಹೇಳಿದ. ಹೇಳುವಾಗ ದನಿಯಲ್ಲಿ ಇನ್ನೂ ಒಂದಿಷ್ಟು ಹೆಮ್ಮೆ ಇತ್ತು.

"ಕೊಂದ್ರಾ? ಯಾರು ಹೇಳಿದ್ರು ನಿಮಗೆ? ಕಟ್ಟಿಹಾಕಿದ್ರೆ ಅದಕ್ಕೆ ಹುಚ್ಚು ಇದೆಯೋ ಇಲ್ವೋ ಅಂತ ಗೊತ್ತಾಗ್ತಿತ್ತು. ತಲೆನಾದ್ರೂ ಸರಿಯಾಗಿದ್ರೆ ಪರೀಕ್ಷೆಗೆ ಕಳಿಸಬಹುದಿತ್ತು. ಈಗ ಮಗುಗೆ ಒಂದೂ ಬಿಡದೆ ಎಲ್ಲಾ ಇಂಜೆಕ್ಷನ್ ಚುಚ್ಚಬೇಕು."

ಗಾಯದ ಸುತ್ತಲೂ, ಹರಿದ ಮಾಂಸದೊಳಕ್ಕೇ ಸೂಜಿ ಹೋಯಿತು. ಚೂಟಿಯ ಅಮ್ಮ ಕಾಲು ಹಿಡಿದಳು, ದೊಡ್ಡಮ್ಮ ಭುಜ ಹಿಡಿದಳು. ಮಗುವಿನ ಚೀರಾಟ ಹೊರಗಿನ ಬೆಂಚಿನವರೆಗೆ ಕೇಳಿಸುತ್ತಿತ್ತು. ಕುರಿಯನ್ನೂ ಮೇಕೆಯನ್ನೂ ನಿತ್ಯ ಕಡಿಯುವವನು ಅಲ್ಲಿ ಕಿವಿ ಮುಚ್ಚಿಕೊಂಡು ಕೂತ.

ಸುದ್ದಿ ಕೇಳಿದ ತಮ್ಮ ಗ್ಯಾರೇಜಿನಿಂದ ನೇರ ತಾರಸಿಗೆ ಹೋಗಿದ್ದ. ಅಣ್ಣ ಮನೆಗೆ ಬಂದಾಗ ಅವನು ನೀಲಿ ಟಬ್ಬನ್ನು ನೆಲಕ್ಕೆ ಸುರಿದು, ಮಣ್ಣಿನಿಂದ ಹೆಕ್ಕಿದ ಮೂಳೆಗಳನ್ನು ಸಾಲಾಗಿ ಇಟ್ಟುಕೊಂಡು ಕಾಯುತ್ತಿದ್ದ. ಪಕ್ಕದಲ್ಲಿ ಲಾರಿ ಚಕ್ರ ಬಿಚ್ಚುವ ಸ್ಪ್ಯಾನರ್.

"ಇದು ನಾನು ತುಂಬಿದ ಟಬ್ಬು" ಎಂದ. "ನಾನು ಇದರಲ್ಲಿ ಒಂದು ಕಲ್ಲೂ ಬಿಟ್ಟಿರಲಿಲ್ಲ. ಯಾರು ಹಾಕಿದ್ದು?"

"ನಾನೇ ಕಣೋ. ಗಿಡ ಚೆನ್ನಾಗಿ ಬರ್ಲಿ ಅಂತ..."

ಸ್ಪ್ಯಾನರ್ ಅವನ ಹೆಗಲ ಮೂಳೆಗೆ ಬಿತ್ತು. ಟಕ್ ಎಂದು ಮುರಿದ ಸದ್ದು ಇಬ್ಬರಿಗೂ ಕೇಳಿಸಿತು. ಎರಡನೆಯದು ಪಕ್ಕೆಗೆ, ಮೂರನೆಯದು ಮಂಡಿಗೆ. ಕಟುಕ ಬಿದ್ದ. ಒಂದೇ ಕೈಯಲ್ಲಿ ಹೋರಿಯನ್ನು ಮಗುಚುವಷ್ಟು ಬಲ ಇದ್ದವನು. ಮನಸ್ಸು ಮಾಡಿದ್ದರೆ ತಮ್ಮನ ಕತ್ತು ಹಿಚುಕಬಹುದಿತ್ತು. ಮಾಡಲಿಲ್ಲ. ಪ್ರತಿ ಏಟೂ ಬೀಳುವಾಗ, ಇದು ಸರಿ, ಇನ್ನೂ ಒಂದು ಬೀಳಲಿ ಎಂದೇ ಅನಿಸುತ್ತಿತ್ತು. ತಮ್ಮ ಅವನನ್ನು ಬಿಟ್ಟು ಟಬ್ಬುಗಳ ಕಡೆ ತಿರುಗಿದ. ಎಡದ ಸಾಲನ್ನು ಒಂದೊಂದಾಗಿ ಒಡೆದ, ಆಮೇಲೆ ಬುದ್ಧಿ ಕೆಟ್ಟವನ ಹಾಗೆ ಬಲದ ಸಾಲನ್ನೂ ಒಡೆದ. ಹಣ್ಣಾದ ಟೊಮೆಟೊಗಳು ಅವನ ಬೂಟಿನ ಕೆಳಗೆ ಪಿಚಕ್ಕೆಂದು ಒಡೆದವು. ಒಡೆಯಲು ಏನೂ ಉಳಿಯದಾಗ ಆ ಕೆಸರಿನಲ್ಲೇ ಕುಕ್ಕರಿಸಿ ಗೊಳೋ ಎಂದು ಅತ್ತ.

"ಹೇಳಿದ್ನಲ್ಲಾ ಅಣ್ಣಾ. ನಾಯಿ ಬರುತ್ತೆ ಅಂತ ಹೇಳಿದ್ನಲ್ಲಾ."

"ಹೇಳಿದ್ದೆ" ಎಂದ ಕಟುಕ, ಬಾಯಿಗೆ ಬಂದ ರಕ್ತ ಉಗುಳಿ. "ಏಳು, ಮಗು ಹತ್ರ ಹೋಗು."

ಅಣ್ಣತಮ್ಮಂದಿರ ಜಗಳ ಪೊಲೀಸರವರೆಗೆ ಹೋಗಲಿಲ್ಲ. ಹೆಗಲಿಗೆ ಪಟ್ಟಿ ಕಟ್ಟಿದ ವೈದ್ಯರಿಗೆ ಮೆಟ್ಟಿಲಿನಿಂದ ಜಾರಿದೆ ಎಂದು ಹೇಳಿದ್ದಾಯಿತು. ಚೂಟಿಯ ಗಾಯ ಒಣಗುತ್ತಾ ಬಂತು. ಎಡಗೈಯನ್ನು ಜೋಳಿಗೆಯಂಥ ಪಟ್ಟಿಗೆ ಹಾಕಿಕೊಂಡೇ ಕಟುಕ ತಾರಸಿ ತೊಳೆದ. ಚೆಲ್ಲಿದ ಮಣ್ಣನ್ನೆಲ್ಲ ಒಂದು ಕೈಯಲ್ಲಿ ಜರಡಿ ಹಿಡಿದು, ಮೂಳೆಯ ಕೊನೆಯ ಚೂರನ್ನೂ ಹೆಕ್ಕಿ, ಊರಾಚೆಯ ಕಸದ ಗುಂಡಿಗೆ ಒಯ್ದು ಆಳವಾಗಿ ಹೂತ. ತಾರಸಿಗೆ ಬಂದ ತಮ್ಮ ಕೋಕೋಪೀಟಿನ ಇಟ್ಟಿಗೆಗಳನ್ನು ನೀರಿಗೆ ಹಾಕಿ ಉಬ್ಬಿಸಿಕೊಟ್ಟ. ಮರಳು ತೊಳೆದುಕೊಟ್ಟ.

"ಕಾಂಪೋಸ್ಟ್ ಎಷ್ಟು ಹಾಕ್ಲಿ?" ಎಂದು ಅಣ್ಣ ಕೇಳಿದ. ಹುಟ್ಟಿದಾಗಿನಿಂದ ತಮ್ಮನನ್ನು ಏನೂ ಕೇಳಿದವನಲ್ಲ.

"ಎರಡು ಪಾಲು" ಎಂದ ತಮ್ಮ. "ಕ್ಯಾರೆಟ್‌ಗೆ ಬೇರೆ ಏನೂ ಬೇಡ. ಹಗುರ ಇದ್ರೆ ಸಾಕು."

ಹೊಸದೊಂದು ಟಬ್ಬು ತುಂಬಿದ ಮೇಲೆ ಕಟುಕ ಅದರೊಳಗೆ ಮೊಣಕೈವರೆಗೆ ಕೈ ಇಳಿಸಿ ತಳದವರೆಗೂ ತಡಕಿ ನೋಡಿದ. ಚುಚ್ಚುವಂಥದ್ದು ಏನೂ ಇರಲಿಲ್ಲ. ಅವನಿಗೆ ಎಷ್ಟೋ ಕಾಲದ ಮೇಲೆ ಉಸಿರು ಸಲೀಸಾಗಿ ಬಂದಂತಾಯಿತು. ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಬೀಜದ ಪೊಟ್ಟಣ ಹಿಡಿದು ನೆಲಮಹಡಿಗೆ ಇಳಿದ. ತಮ್ಮನ ಹೆಂಡತಿ ಬಾಗಿಲು ತೆರೆದಳು. ಮುಖದಲ್ಲಿ ನಗುವಿರಲಿಲ್ಲ, ಆದರೂ "ಬನ್ನಿ ಭಾವ" ಎಂದಳು. ಚೂಟಿ ಕಿಟಕಿಯ ಬಳಿ ಕೂತು ಬಲಗೈಯಲ್ಲಿ ಚಿತ್ರ ಬರೆಯುತ್ತಿದ್ದಳು. ಎಡ ಮುಂಗೈಗೆ ಬಿಳಿ ಬ್ಯಾಂಡೇಜು.

"ಪುಟ್ಟಾ, ಹೊಸ ಟಬ್ಬು ತುಂಬಿದೀವಿ. ನಿಮ್ಮಪ್ಪನೇ ಅಳತೆ ಹೇಳಿದ್ದು. ಬೀಜ ನೀನೇ ಹಾಕ್ಬೇಕು, ಬಾ."

ಅವಳು ಎದ್ದು ನಿಂತಳು, ಬರಲಿಲ್ಲ. ಅವನು ಮಂಡಿಯೂರಿ, ಅವಳ ಕಣ್ಣಿಗೆ ಬಿದ್ದಿದ್ದ ಕೂದಲು ಸರಿಸಲು ಒಳ್ಳೆಯ ಕೈಯನ್ನು ಎತ್ತಿದ. ಚೂಟಿ ಥಟ್ಟನೆ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಗೋಡೆಗೆ ಅಂಟಿದಳು.

"ನಾನೇನೂ ತಪ್ಪು ಮಾಡಿಲ್ಲ ದೊಡ್ಡಪ್ಪಾ" ಎಂದಳು. "ನಾನು ಯಾರಿಗೂ ಕಚ್ಚಿಲ್ಲ."

ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ಕಟುಕನಿಗೆ ತಿಳಿಯಲಿಲ್ಲ. ತಮ್ಮನ ಸ್ಪ್ಯಾನರಿಗೆ ಬರದ ಅಳು ಈಗ ಒತ್ತಿಕೊಂಡು ಬಂತು. ಇಲ್ಲ ಪುಟ್ಟಾ, ನೀನೇನೂ ಮಾಡಿಲ್ಲ ಎಂದು ಹೇಳಲು ಬಾಯಿ ತೆರೆದ. ದನಿ ಒರಟಾಗಿ, ಜೋರಾಗಿಯೇ ಹೊರಟಿತು. ಅದನ್ನು ಕೇಳಿ ಮಗು ಅಮ್ಮನ ಹಿಂದಕ್ಕೆ ಓಡಿತು.