ಬದುಕಿದ್ದ ಅಜ್ಜಿಯ ಸಾವು

ಎರಡು ಸಾವಿರದ ಇಪ್ಪತ್ತರ ಏಪ್ರಿಲ್‌ನಲ್ಲಿ ಇಂಚರಾಳ ಅಜ್ಜಿ ಮೈಸೂರಿನಲ್ಲಿ ತೀರಿಕೊಂಡಾಗ ವಿಮಾನಗಳೆಲ್ಲ ನಿಂತಿದ್ದವು. ತಂದೆ ಹರಿಪ್ರಸಾದ ಜಪಾನಿನ ಓಜಿಮಾದಲ್ಲಿ ತಮ್ಮ ಹನ್ನೊಂದನೇ ಮಹಡಿಯ ಮನೆಯ ಬಾಲ್ಕನಿಯಲ್ಲಿ ಒದ್ದೆ ಪಂಚೆಯಲ್ಲಿ ನಿಂತು, ತಾಯಿಯ ಚಿತೆಗೆ ಊರಿನಲ್ಲಿದ್ದ ತಮ್ಮ ಬೆಂಕಿ ಇಡುವುದನ್ನು ಫೋನಿನಲ್ಲಿ ನೋಡಿದರು. ಫೋನ್ ಹಿಡಿದುಕೊಂಡಿದ್ದವಳು ಇಂಚರಾ. ಯೂನಿವರ್ಸಿಟಿಯ ಅರ್ಜಿಗೆ ಅವಳು ಅದನ್ನೇ ಪ್ರಬಂಧವಾಗಿ ಬರೆದಳು. ಇಂಗ್ಲಿಷ್ ತಿದ್ದಿಕೊಡೆಂದು ಕೆಳಗಿನ ಮಹಡಿಯ ಅಮೂಲ್ಯಳಿಗೆ ಮೇಲ್ ಮಾಡಿದಳು. ಒಂದನೇ ಕ್ಲಾಸಿನಿಂದ ಜೊತೆಗೆ ಓದಿದವರು, ಇಬ್ಬರೂ ಅದೇ ಯೂನಿವರ್ಸಿಟಿಗೆ ಅರ್ಜಿ ಹಾಕುತ್ತಿದ್ದರು.

ಆನ್‌ಲೈನ್ ಸಂದರ್ಶನದಲ್ಲಿ ಪ್ರೊಫೆಸರೊಬ್ಬರು, ಇದನ್ನು ಬರೆದದ್ದು ನೀವೇನಾ ಎಂದು ಎರಡೆರಡು ಸಲ ಕೇಳಿದರು. ಯಾಕೆ ಕೇಳುತ್ತಾರೆಂದು ತಿಳಿಯದೆ ಅವಳು ತಡವರಿಸಿದಳು. ಜುಲೈನಲ್ಲಿ ಫಲಿತಾಂಶ ಬಂತು. ಅಮೂಲ್ಯಳಿಗೆ ಸೆಪ್ಟೆಂಬರ್‌ಗೇ ಸೀಟು. ಇಂಚರಾಳಿಗೆ ಮುಂದಿನ ಏಪ್ರಿಲ್‌ಗೆ, ಅದೂ ಅಲ್ಲಿಯವರೆಗೆ ಬೇರೊಂದು ಕಾಲೇಜಿನಲ್ಲಿ ಓದಿ ಒಳ್ಳೆಯ ಅಂಕ ತಂದರೆ.

ಹಾಗಾಗಿ ಅವಳು ವಾಕೋ ಎಂಬ ಊರಿನ ಹತ್ತಿರದ ಸಣ್ಣ ಹೆಣ್ಣುಮಕ್ಕಳ ಕಾಲೇಜೊಂದಕ್ಕೆ ಸೇರಿದಳು. ವಾರಕ್ಕೆರಡು ದಿನ ಕ್ಲಾಸು, ಉಳಿದದ್ದೆಲ್ಲ ಲ್ಯಾಪ್‌ಟಾಪಿನಲ್ಲಿ. ಕ್ಯಾಂಟೀನಿನಲ್ಲಿ ಕುರ್ಚಿಗೊಂದು ಪ್ಲಾಸ್ಟಿಕ್ ತಡೆ, ಮಾತಾಡದೆ ಉಣ್ಣಿ ಎಂಬ ಚೀಟಿ. ಮಾರ್ಚಿಗೆ ಹೊರಡುವವಳ ಹೆಸರು ಕಲಿಯುವ ಗೋಜಿಗೆ ಯಾರೂ ಹೋಗಲಿಲ್ಲ. ಇತ್ತ ಅಮೂಲ್ಯಳ ತಾಯಿ ವಸುಂಧರಾ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಟೆಂಪರರಿ ಕಾಲೇಜು ಹೇಗಿದೆ ಎಂದು ಮರುಕದಿಂದ ವಿಚಾರಿಸುತ್ತಿದ್ದರು.

ನವೆಂಬರಿನಲ್ಲಿ ಯೂನಿವರ್ಸಿಟಿ, ಸೀಟು ಸಿಕ್ಕವರಿಗಷ್ಟೇ ತೆರೆಯುವ ತನ್ನ ಪುಟದಲ್ಲಿ ಆಯ್ದ ಪ್ರಬಂಧಗಳನ್ನು ಹಾಕಿತು. ಇಂಚರಾಳ ಬಳಿಯೂ ಪಾಸ್‌ವರ್ಡ್ ಇತ್ತು. ಮೂರನೆಯ ಪ್ರಬಂಧ ಅಮೂಲ್ಯಳದು. ಅದೇ ಬಾಲ್ಕನಿ, ಅದೇ ಒದ್ದೆ ಬಟ್ಟೆ, ಅದೇ ಫೋನು. ಅಪ್ಪ ಎಂದಿದ್ದಲ್ಲೆಲ್ಲ ಅಮ್ಮ ಎಂದಾಗಿತ್ತು, ಅಷ್ಟೆ. ಅವಳು ಇಂಚರಾಳಿಗಿಂತ ನಾಲ್ಕು ದಿನ ಮೊದಲೇ ಅರ್ಜಿ ಹಾಕಿದ್ದಳು. ಹಾಗಾಗಿ ಕಳ್ಳಿಯೆಂಬ ಅನುಮಾನ ಬಂದದ್ದು ಇಂಚರಾಳ ಮೇಲೆ.

ಅಮೂಲ್ಯಳ ಅಜ್ಜಿ ವೇದವಲ್ಲಿ, ವಸುಂಧರಾಳ ತಾಯಿ, ಮೈಸೂರಿನಲ್ಲಿ ಮಗ ಜಯಂತನ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದರು. ಓಜಿಮಾದ ಮಕ್ಕಳಿಗೆಲ್ಲ ವಿಡಿಯೋ ಕಾಲಿನಲ್ಲಿ ಕನ್ನಡ ಅಕ್ಷರ ತಿದ್ದಿಸಿದವರು ಅವರೇ.

ಇಂಚರಾ ತಂದೆಗೆ ಹೇಳಿದಳು. "ಇಲ್ಲಿ ನಮ್ಮೋರು ಇರೋದೇ ನಾಲ್ಕು ಮನೆ. ಏಪ್ರಿಲ್‌ಗೆ ಸೀಟಿದೆಯಲ್ಲ, ಬಿಟ್ಬಿಡು," ಎಂದರು ಹರಿಪ್ರಸಾದ. ಅಮೂಲ್ಯಳಿಗೆ ಪ್ರಬಂಧ ಕಳಿಸಿದ್ದ, ತಾರೀಖಿದ್ದ ಮೇಲ್ ಅವಳ ಬಳಿ ಇತ್ತು. ಯೂನಿವರ್ಸಿಟಿಗೆ ಕಳಿಸಬಹುದಿತ್ತು. ಆದರೆ ಅದು ಯಾವುದೋ ಫೈಲಿಗೆ ಸೇರುತ್ತದೆ, ಅಮೂಲ್ಯಳಿಗೆ ನೋಯಬೇಕಾದ ಜಾಗದಲ್ಲಿ ನೋಯುವುದಿಲ್ಲ ಎನ್ನಿಸಿತು. ವಾಕೋ ಕ್ಯಾಂಟೀನಿನ ಪ್ಲಾಸ್ಟಿಕ್ ತಡೆಯ ಹಿಂದೆ ಕೂತು ಅವಳು ಅಮೂಲ್ಯಳ ಪ್ರಬಂಧವನ್ನು ಸಾಲುಸಾಲಾಗಿ ಕನ್ನಡಕ್ಕೆ ತಂದಳು. ಆ ಕಾಲೇಜಿನಲ್ಲಿ ಅವಳು ಮನಸ್ಸಿಟ್ಟು ಮಾಡಿದ ಕೆಲಸ ಅದೊಂದೇ. ಚಟ್ಟ ಎಂಬ ಪದ ಗೊತ್ತಿರಲಿಲ್ಲ, ಏನೋ ನೆಪ ಹೇಳಿ ತಂದೆಯಿಂದ ಕೇಳಿ ತಿಳಿದುಕೊಂಡಳು.

ಒಂದು ಭಾನುವಾರ ಬೆಳಿಗ್ಗೆ ವೇದವಲ್ಲಿಗೆ ಫೋನ್ ಮಾಡಿದಳು. ಮೊಮ್ಮಗಳ ಪ್ರಬಂಧ ಆಯ್ಕೆಯಾದದ್ದು ಅವರಿಗೆ ಗೊತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಓದಿ ಹೇಳುತ್ತೇನೆಂದಾಗ ಮುದುಕಿ ಹಿಗ್ಗಿ ಟಿ.ವಿ. ಆರಿಸಿ ಕೂತರು. ಇಂಚರಾ ಎಲ್ಲಿಯೂ ನಿಲ್ಲಿಸದೆ, ದನಿ ಇಳಿಸದೆ, ಚಿತೆಯವರೆಗೂ ಓದಿದಳು.

ವೇದವಲ್ಲಿ ಕೇಳಿದರು, "ನನ್ನ ಬಾಯಿಗೆ ನೀರು ಬಿಟ್ಟೋರು ಯಾರು ಅಂತ ಬರೆದಿದಾಳೆ?"

"ಯಾರೂ ಇಲ್ಲ ಅಜ್ಜಿ. ಆಸ್ಪತ್ರೇಲಿ ಒಬ್ಬರೇ ಹೋದ್ರಿ."

"ಅದು ನಿಮ್ಮಜ್ಜಿ ಹೋದ ರೀತಿ ಅಲ್ವೇನೇ?"

"ಹೌದು."

"ಅವಳು ಕದ್ದಳು, ಸರಿ. ನನ್ನ ಕೂರಿಸ್ಕೊಂಡು ಇದನ್ನ ಕೇಳಿಸ್ದೆಯಲ್ಲ, ನಾನು ನಿಂಗೇನು ಮಾಡಿದ್ದೆ?"

ಉತ್ತರಕ್ಕೆ ಕಾಯದೆ ಅವರು ಫೋನ್ ಇಟ್ಟರು.

ಮುಂದಿನದು ಇಂಚರಾ ಬಯಸಿದಂತೆಯೇ ನಡೆಯಿತು. ವೇದವಲ್ಲಿ ಮಗಳಿಗೆ ಫೋನ್ ಮಾಡಿ, ಅಮೂಲ್ಯ ತಪ್ಪೊಪ್ಪಿ ಯೂನಿವರ್ಸಿಟಿಗೆ ಬರೆಯುವ ತನಕ ತಾನು ಸತ್ತವಳೇ ಎಂದುಕೊಳ್ಳಿ ಎಂದರು. ವಸುಂಧರಾ ಒಂದು ವಾರ ಮನೆಯಿಂದ ಹೊರಗೆ ಬರಲಿಲ್ಲ. ಅಮೂಲ್ಯ ಪತ್ರ ಬರೆದಳು. ಯೂನಿವರ್ಸಿಟಿ ಅವಳನ್ನು ಒಂದು ವರ್ಷ ಹೊರಗಿಟ್ಟು, ಇಂಚರಾಳ ಕ್ಷಮೆ ಕೇಳಿತು. ಆ ಕ್ಷಮಾಪಣೆಯನ್ನು ಇಂಚರಾ ದಿನಕ್ಕೆರಡು ಸಲ ಓದಿಕೊಳ್ಳುತ್ತಿದ್ದಳು. ವೇದವಲ್ಲಿಗೆ ಮೂರು ಸಲ ಫೋನ್ ಮಾಡಿದಳು. ಅವರು ಎತ್ತಲಿಲ್ಲ.

ಏಪ್ರಿಲ್‌ನಲ್ಲಿ, ಹೊಸ ಯೂನಿವರ್ಸಿಟಿಗೆ ಹೊರಟ ಮೊದಲ ದಿನ, ಲಿಫ್ಟು ಹತ್ತನೇ ಮಹಡಿಯಲ್ಲಿ ನಿಂತಿತು. ಮೂಲೆಯ ಕೊಂಬಿನಿ ಅಂಗಡಿಗೆ ಹೊರಟಿದ್ದ ಅಮೂಲ್ಯ ಒಳಗೆ ಬಂದಳು. ಮಾಸ್ಕಿನ ಮೇಲಿನ ಕಣ್ಣು ಬಾತಿತ್ತು.

"ಸಮಾಧಾನ ಆಯ್ತಾ ನಿಂಗೆ?"

ಸುಳ್ಳು ಹೇಳಲು ಇಂಚರಾಳಿಗೆ ಮನಸ್ಸಾಗಲಿಲ್ಲ. "ನಿನ್ನ ವಿಷಯದಲ್ಲಿ ಆಯ್ತು," ಎಂದಳು. ಬಾಗಿಲು ತೆರೆದೊಡನೆ ರೈಲಿಗೆ ಹೊತ್ತಾಯಿತೆಂದು ಬೇಗಬೇಗ ಹೆಜ್ಜೆ ಹಾಕಿದಳು.