ಹೊಟ್ಟೆ ಕರಗಿಸುವ ಮಾತ್ರೆ

ಹೆಸರು ಚಿಕ್ಕಬೀರಮ್ಮ, ಆಳು ಮಾತ್ರ ದೊಡ್ಡಬೀರಮ್ಮ ಎಂದು ಹಂಪಾಪುರದವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವ ಬಾಯಿಗೆ ಬೀಗ ಹಾಕುವವರು ಯಾರು. ಅವಳು ಹುಟ್ಟಿದಾಗಿನಿಂದ ಹಾಗಿರಲಿಲ್ಲ ಎನ್ನುವುದನ್ನು ಮಾತ್ರ ಎಲ್ಲರೂ ಅನುಕೂಲವಾಗಿ ಮರೆತಿದ್ದರು. ಒಂದು ಕಾಲಕ್ಕೆ ನಾಟಿಗೆ ಬಗ್ಗಿದರೆ ಮಡಿ ಮುಗಿಯುವ ತನಕ ಸೊಂಟ ಎತ್ತದ ಹೆಂಗಸು ಅವಳು.

ಗಂಡ ಚೆಲುವಯ್ಯ ಎದೆನೋವು ಎಂದು ಜಗಲಿಯ ಮೇಲೆ ಕೂತವನು ಏಳಲಿಲ್ಲ. ಒಬ್ಬಳೇ ಮಗಳು ಪವಿತ್ರಾಳನ್ನು ಅದಕ್ಕೆ ಮೊದಲೇ ಮಡಿಕೇರಿ ದಾರಿಯ ಕೊಪ್ಪಕ್ಕೆ ಕೊಟ್ಟದ್ದಾಗಿತ್ತು. ಜಮೀನನ್ನು ಬೇರೆಯವರಿಗೆ ವಾರಕ್ಕೆ ಬಿಟ್ಟದ್ದಾಯಿತು. ಮನೆಯಲ್ಲಿ ಉಳಿದದ್ದು ಅವಳು ಮತ್ತು ಒಂದು ಹಸು. ಇಬ್ಬರಿಗೆ ಮುದ್ದೆ ಕಟ್ಟಿ ರೂಢಿಯಾದ ಕೈಗೆ ಒಬ್ಬಳಿಗೆ ಎಷ್ಟು ಹಿಟ್ಟು ಹಾಕಬೇಕೆಂಬ ಅಂದಾಜೇ ಸಿಗಲಿಲ್ಲ. ದಿನವೂ ಎರಡು ಮುದ್ದೆ ಆಗುತ್ತಿತ್ತು. ತನ್ನದನ್ನು ಉಂಡು, ಚೆಲುವಯ್ಯನದನ್ನು ಸ್ವಲ್ಪ ಹೊತ್ತು ನೋಡುತ್ತ ಕೂತು, ಅನ್ನ ಚೆಲ್ಲಬಾರದೆಂದು ಅದನ್ನೂ ಉಣ್ಣುತ್ತಿದ್ದಳು. ಹಸುವಿಗೆ ಹಾಕಬಹುದಿತ್ತಲ್ಲ ಎನ್ನಬಹುದು. ಗಂಡನ ಪಾಲನ್ನು ಹಸುವಿಗೆ ಹಾಕಲು ಅವಳಿಗೆ ಮನಸ್ಸು ಬರಲಿಲ್ಲ. ದುಃಖಕ್ಕೆ ಮನುಷ್ಯರು ಸೊರಗುತ್ತಾರೆ ಎನ್ನುವವರು ಒಂಟಿಯಾಗಿ ಕೂತು ಉಂಡವರಲ್ಲ. ಚಿಕ್ಕಬೀರಮ್ಮ ಊದುತ್ತ ಹೋದಳು, ಅವಳ ಭಾರಕ್ಕೆ ಮಂಡಿ ಎರಡೂ ಕೆಟ್ಟವು.

ಮಂಡಿ ಕೆಟ್ಟದ್ದರಿಂದ ಅವಳು ಕಳೆದುಕೊಂಡದ್ದು ಬರೀ ನಡಿಗೆಯನ್ನಲ್ಲ. ಆ ಬೀದಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಎಳೆಗೂಸಿಗೆ ನೀರು ಹಾಕಲು ಕರೆಯುತ್ತಿದ್ದದ್ದು ಅವಳನ್ನೇ. ಬಚ್ಚಲಿನಲ್ಲಿ ಮಣೆಯ ಮೇಲೆ ಕೂತು, ಎರಡು ಕಾಲನ್ನೂ ಮುಂದಕ್ಕೆ ನೀಡಿ, ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ಹರಳೆಣ್ಣೆ ತಿಕ್ಕಿದಳೆಂದರೆ ಎಂಥ ರಚ್ಚೆ ಹಿಡಿದ ಕೂಸೂ ತಣ್ಣಗಾಗುತ್ತಿತ್ತು. ಈಗ ಅವಳು ನೆಲಕ್ಕೆ ಕೂರಲಾರಳು. ಕರೆಯುವವರೂ ನಿಲ್ಲಿಸಿದರು. ಅಕ್ಕಪಕ್ಕದ ಮನೆಗಳ ಬಚ್ಚಲಿನಿಂದ ಎಳೆಗೂಸಿನ ಅಳು ಕೇಳಿದಾಗೆಲ್ಲ ಅವಳು ಕುರ್ಚಿಯಲ್ಲಿ ಕೂತೇ ಕಾಲು ನೀಡುತ್ತಿದ್ದಳು, ತನಗೇ ತಿಳಿಯದ ಹಾಗೆ.

ಹೀಗಿರುವಾಗ ಪವಿತ್ರಾ ಬಸುರಿ ಎಂಬ ಸುದ್ದಿ ಬಂತು. ಚೊಚ್ಚಲ ಹೆರಿಗೆ ತವರಿನದು. ಮಗಳು ಬರುತ್ತಾಳೆ, ಮನೆಯಲ್ಲಿ ಮಾತು ಹುಟ್ಟುತ್ತದೆ ಎಂದು ಚಿಕ್ಕಬೀರಮ್ಮನಿಗೆ ಹಿಗ್ಗೋ ಹಿಗ್ಗು. ಮರುಗಳಿಗೆಗೆ ಇನ್ನೊಂದು ಯೋಚನೆ ಬಂದು ಎದೆ ಸುಟ್ಟಿತು. ಊರ ಕೂಸುಗಳನ್ನೆಲ್ಲ ಕಾಲ ಮೇಲೆ ಹಾಕಿಕೊಂಡವಳು ನಾನು, ನನ್ನ ಮೊಮ್ಮಗುವಿಗೆ ನನ್ನ ಬಚ್ಚಲಲ್ಲೇ ಇನ್ನೊಬ್ಬಳು ಬಂದು ನೀರು ಹಾಕಬೇಕೇ?

ಹಾಲಿನ ಸಂಘದ ಸದಸ್ಯರಿಗೆಂದು ಆಗ ಹೊಸದಾಗಿ ಒಂದು ಆರೋಗ್ಯ ವಿಮೆ ಬಂದಿತ್ತು. ಫೋಟೊ ಅಂಟಿಸಿದ ಕಾರ್ಡು ಅವಳಲ್ಲೂ ಇತ್ತು. ಅದನ್ನು ಹಿಡಿದು ಮೈಸೂರಿನ ಆಸ್ಪತ್ರೆಗೆ ಹೋದಳು. ಡಾಕ್ಟರು ಮಂಡಿ ನೋಡಿದರು, ತೂಕ ನೋಡಿದರು, ಇಷ್ಟು ಭಾರವಿರುವಾಗ ಆಪರೇಷನ್ ಮಾಡಿ ಪ್ರಯೋಜನವಿಲ್ಲ, ಮೊದಲು ಮೈ ಇಳಿಯಲಿ ಎಂದರು. ಊಟದ ಜೊತೆ ನುಂಗುವ ಒಂದು ಮಾತ್ರೆ ಬರೆದುಕೊಟ್ಟರು. ಔಷಧಿ ಅಂಗಡಿಯವನು ಅದರ ಬೆಲೆ ಹೇಳಿದಾಗ ಚಿಕ್ಕಬೀರಮ್ಮ ಚೀಟಿಯನ್ನು ಮಡಚಿ ಕುಪ್ಪಸದೊಳಕ್ಕೆ ಇಟ್ಟುಕೊಂಡು ಬಂದಳು. ಒಂದು ಹಸುವಿನ ಹಾಲು ಅಷ್ಟು ದುಬಾರಿ ಮಾತ್ರೆಯನ್ನು ಸಾಕಲಾರದು.

ಕಾರ್ಡು ಇರುವುದು ಯಾತಕ್ಕೆ ಎಂದುಕೊಂಡು ಸಂಜೆ ಡೈರಿಗೆ ಹಾಲು ಹಾಕಲು ಹೋದಾಗ ಕಾರ್ಯದರ್ಶಿ ಶಿವನಂಜಪ್ಪನನ್ನು ಕೇಳಿದಳು. ಶಿವನಂಜಪ್ಪ ಒಳ್ಳೆಯವನೇ. ಆದರೆ ಅವನ ಗುಟ್ಟಿನ ಮಾತು ಕೂಡ ಬಸ್ ಸ್ಟ್ಯಾಂಡಿಗೆ ಕೇಳುತ್ತಿತ್ತು.

"ಕೊಯ್ದ್ರೆ ಕೊಡ್ತಾರೆ ಕಣಕ್ಕ, ನುಂಗುದ್ರೆ ಕೊಡಾಕಿಲ್ಲ," ಎಂದ ಅವನು.

ಹಾಗಾದರೆ ಕೊಯ್ಯಲಿ ಎಂದರೆ ಡಾಕ್ಟರು ಮೈ ಇಳಿಯಲಿ ಎನ್ನುತ್ತಾರೆ, ಮೈ ಇಳಿಸೋಣ ಎಂದರೆ ವಿಮೆಯವರು ಕೊಯ್ಯಿಸಿಕೊ ಎನ್ನುತ್ತಾರೆ, ನಾನು ಯಾವ ಕಡೆಯಿಂದ ಒಳಗೆ ಹೋಗಲಿ ಎಂದು ಅವಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಶಿವನಂಜಪ್ಪ ತಲೆ ಕೆರೆದುಕೊಂಡು, ಆಗಲಿ, ಒಂದು ಅರ್ಜಿ ಹಾಕಿ ನೋಡೋಣ ಎಂದು ಕಾಗದ ತೆಗೆದ. ಮಾತ್ರೆ ಯಾತಕ್ಕೆ ಅಂತ ಬರೆಯಲಿ ಎಂದು ಜೋರಾಗಿಯೇ ಕೇಳಿದ.

ಹಿಂದೆ ಕ್ಯಾನು ಹಿಡಿದು ನಿಂತ ಪಡ್ಡೆಗಳ ಮುಂದೆ ದಪ್ಪ ಇಳಿಸುವುದಕ್ಕೆ ಎಂದು ಹೇಗೆ ಹೇಳುವುದು. ವರ್ಷಗಟ್ಟಲೆ ನಗುವುದಕ್ಕೆ ಅವರಿಗೆ ಅಷ್ಟು ಸಾಕು. ಚಿಕ್ಕಬೀರಮ್ಮ ತಲೆ ತಗ್ಗಿಸಿ, ದನಿ ಇಳಿಸಿ, ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು.

"ಹೊಟ್ಟೆ ಕರಗಕ್ಕೆ ಕಣಪ್ಪ."

ಆ ಸೀಮೆಯಲ್ಲಿ ತೆಳ್ಳಗಾದವರನ್ನು ಮೈ ಇಳಿದಿದೆ ಎನ್ನುತ್ತಾರೆ. ಹೊಟ್ಟೆ ಕರಗಿತು ಎಂದರೆ ಹೆಂಗಸರಿಗೆ ಅರ್ಥವಾಗುವುದು ಒಂದೇ, ಬಸಿರು ಹೋಯಿತು ಎಂದು. ಅದು ಚಿಕ್ಕಬೀರಮ್ಮನಿಗೆ ಗೊತ್ತಿಲ್ಲದ್ದಲ್ಲ. ನಾಚಿಕೆಯಲ್ಲಿ ನಾಲಿಗೆ ಜಾರಿತು, ಜಾರಿದ್ದೂ ಅವಳಿಗೆ ತಿಳಿಯಲಿಲ್ಲ. ಚೀಟಿ ನೋಡಿದ ಶಿವನಂಜಪ್ಪ ಬೊಜ್ಜು ಇಳಿಸಲು ಎಂದು ಸರಿಯಾಗಿಯೇ ಬರೆದುಕೊಂಡ. ಸಾಲಿನಲ್ಲಿ ಅವಳ ಬೆನ್ನಿಗೆ ನಿಂತಿದ್ದ ಮಾಯಮ್ಮ ಮಾತ್ರ ಅರ್ಜಿ ಓದುವವಳಲ್ಲ, ಕಿವಿ ಇಟ್ಟು ಕೇಳುವವಳು.

ಮಾತು ಹಾಲಿನ ವ್ಯಾನಿಗಿಂತ ಮೊದಲು ಊರು ಬಿಟ್ಟಿತು. ಐವತ್ತರ ಹತ್ತಿರದ ವಿಧವೆಗೆ ಅಂಥ ಮಾತ್ರೆ ಯಾಕೆ ಎಂದು ಮೊದಲು ನಕ್ಕರು. ಈ ವಯಸ್ಸಿಗೆ ಯಾವ ಬಸಿರು, ಅವಳಿಗಲ್ಲ ಬಿಡಿ ಎಂದರು. ಅವಳಿಗಲ್ಲವಾದರೆ ಇನ್ಯಾರಿಗೋ ಇರಬೇಕು. ಕೂಸಿಗೆ ನೀರು ಹಾಕುತ್ತಿದ್ದವಳು, ಆ ಕೆಲಸ ಕೈಬಿಟ್ಟ ಮೇಲೆ ಈ ಕೆಲಸಕ್ಕೆ ಇಳಿದಿದ್ದಾಳೆ ಎಂದು ಯಾರೋ ಬುದ್ಧಿವಂತರು ಗಂಟು ಹಾಕಿದರು. ಆ ಗಂಟು ಬಸ್ಸು ಹತ್ತಿ ಕೊಪ್ಪದಲ್ಲಿ ಬೀಗಿತ್ತಿ ಮರಮ್ಮನ ಮನೆಯ ಮುಂದೆ ಇಳಿಯಿತು. ಗೊತ್ತಾಗದೆ ಉಳಿದದ್ದು ಚಿಕ್ಕಬೀರಮ್ಮನೊಬ್ಬಳಿಗೆ. ಒಂಟಿಯಾಗಿರುವವರ ಕಷ್ಟ ಇದೇ, ಅವರ ಮೇಲಿನ ಮಾತು ಅವರಿಗೆ ಬಂದು ಹೇಳುವವರಿರುವುದಿಲ್ಲ.

ಸೀಮಂತ ಕಳೆದ ಮೇಲೆ ಅಳಿಯ ಚಲುವರಾಜು ಎಸ್‌ಟಿಡಿ ಅಂಗಡಿಗೆ ಫೋನು ಮಾಡಿ ಹೇಳಿ ಕಳಿಸಿದ. ಇಲ್ಲಿ ಆಸ್ಪತ್ರೆ ಹತ್ತಿರ, ಹೆರಿಗೆ ಇಲ್ಲೇ ಆಗಲಿ, ಅತ್ತೆಗೆ ಯಾಕೆ ತೊಂದರೆ ಎಂದು. ಮಾತು ಮೆತ್ತಗಿತ್ತು, ಪೆಟ್ಟು ಮೆತ್ತಗಿರಲಿಲ್ಲ. ಚಿಕ್ಕಬೀರಮ್ಮ ತನ್ನ ಮೈಯನ್ನು ತಾನೇ ನೋಡಿಕೊಂಡಳು. ಬಗ್ಗಲಾರದವಳು, ಕೂರಲಾರದವಳು ಬಾಣಂತನ ಏನು ಮಾಡಿಯಾಳು ಎಂದುಕೊಂಡಿದ್ದಾರೆ, ತಪ್ಪೇನಿದೆ ಎಂದು ತಾನೇ ತೀರ್ಮಾನ ಮಾಡಿಕೊಂಡಳು. ಇಟ್ಟಿದ್ದ ಹಳೆಯ ಸೀರೆಗಳನ್ನು ಹರಿದು ಕೂಸಿನ ಬಟ್ಟೆ ಮಾಡಿದ್ದಳು. ಅವನ್ನು ಮತ್ತೆ ಗಂಟು ಕಟ್ಟಿ ಅಟ್ಟದ ಮೇಲಿಟ್ಟು ಆ ದಿನವೆಲ್ಲ ಅತ್ತಳು.

ಅತ್ತದ್ದು ಸಾಕಾದ ಮೇಲೆ ಹಟ ಹುಟ್ಟಿತು. ಅರ್ಜಿಗೆ ಉತ್ತರ ಬಂದಿರಲಿಲ್ಲ. ತಾನೇ ಹೊರಟಳು. ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಡಕ್ಟರು ಎರಡು ಟಿಕೆಟ್ ಕೊಡಲೇನಮ್ಮ ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು, ನಗದೆ ಹೋದರೆ ಇನ್ನೂ ನಗುತ್ತಾರೆ.

ಮೈಸೂರಿನ ವಿಮೆ ಆಫೀಸಿನಲ್ಲಿದ್ದವನು ಎಳೆಯ ಹುಡುಗ, ಮರ್ಯಾದಸ್ಥ. ಕೂರಲು ಹೇಳಿ, ಅವಳ ಅರ್ಜಿ ಹುಡುಕಿ ತೆಗೆದು, ನಿಯಮ ಓದಿ ಹೇಳಿದ. ತೂಕ ಇಳಿಸುವುದು ಕಾಯಿಲೆಯ ಲೆಕ್ಕಕ್ಕೆ ಬರುವುದಿಲ್ಲವಂತೆ, ಅದು ಸೌಂದರ್ಯಕ್ಕೆ ಸಂಬಂಧಪಟ್ಟದ್ದಂತೆ.

ಚಿಕ್ಕಬೀರಮ್ಮ ತನ್ನ ಬಿರುಕು ಬಿಟ್ಟ ಹಿಮ್ಮಡಿಯನ್ನು ನೋಡಿಕೊಂಡಳು. ಸೌಂದರ್ಯ. "ಅಂದಕ್ಕಲ್ಲ ಸ್ವಾಮಿ," ಎಂದಳು. "ಕೂಸಿಗೆ ನೀರು ಹಾಕಕ್ಕೆ ಕಾಲು ನೀಡ್ಬೇಕು. ಅಷ್ಟೇಯ ನಾನು ಕೇಳದು."

ಹುಡುಗನಿಗೆ ಕಾಲು ನೀಡುವುದೆಂದರೆ ಏನೆಂದು ತಿಳಿಯಲಿಲ್ಲ. ಅವನನ್ನು ಅವನ ಅಜ್ಜಿ ಯಾವ ಕಾಲ ಮೇಲೆ ಮಲಗಿಸಿ ತೊಳೆದಳೋ, ಅದನ್ನು ಯಾವ ಕೂಸು ನೆನಪಿಟ್ಟುಕೊಳ್ಳುತ್ತದೆ. ಮೈ ಇಳಿದ ಮೇಲೆ ಬನ್ನಿ, ಆಪರೇಷನ್ ಪೂರ್ತಿ ನಮ್ಮದೇ ಎಂದು ಅವನು ಬಾಗಿಲ ತನಕ ಬಂದು ಕಳಿಸಿಕೊಟ್ಟ.

ವಾಪಸ್ ಬರುವಾಗ ಸೌಂದರ್ಯ ಎಂಬ ಮಾತು ನೆನಪಾಗಿ ಅವಳಿಗೆ ಬಸ್ಸಿನಲ್ಲೇ ನಗು ಬಂತು. ಚೆಲುವಯ್ಯ ಇದ್ದಿದ್ದರೆ ಇದನ್ನು ಕೇಳಿ ಬಿದ್ದು ಬಿದ್ದು ನಗುತ್ತಿದ್ದ, ಹದಿನೈದು ದಿವಸ ಅದನ್ನೇ ಹೇಳಿ ಅವಳನ್ನು ಕಾಡುತ್ತಿದ್ದ. ಮನೆಗೆ ಬಂದು ಬೀಗ ತೆಗೆದಳು. ಹೇಳಿಕೊಂಡು ನಗುವುದಕ್ಕೆ ಯಾರೂ ಇರಲಿಲ್ಲ. ಹಸುವಿಗೆ ಹುಲ್ಲು ಹಾಕಿ ಒಲೆ ಹಚ್ಚಿದಳು.

ಆ ಹೊತ್ತು ಅವಳು ಹಿಟ್ಟನ್ನು ಅಳೆದು ಹಾಕಿ ಒಂದೇ ಮುದ್ದೆ ಕಟ್ಟಿದಳು. ಮಾತ್ರೆ ಕೊಡದವರು ಕೊಡದಿದ್ದರೆ ಬಿಡಲಿ, ಇದೊಂದು ದಾರಿ ನನ್ನ ಕೈಯಲ್ಲೇ ಇದೆ ಎನಿಸಿತ್ತು. ಕಟ್ಟಿದ ಮೇಲೆ ತಟ್ಟೆಯಲ್ಲಿ ಪಕ್ಕದ ಜಾಗ ಖಾಲಿ ಕಂಡಿತು. ಚೆಲುವಯ್ಯನಿಗೆ ಇಷ್ಟು ವರ್ಷದ ಮೇಲೆ ಊಟ ನಿಲ್ಲಿಸಿದ ಹಾಗಾಯಿತು. ಅವನು ಸತ್ತದ್ದು ಜಗಲಿಯ ಮೇಲೆ, ಅವಳ ಮಟ್ಟಿಗೆ ಹೋದದ್ದು ಅವತ್ತು. ಮಾರನೆಯ ದಿನವೂ ಒಂದೇ ಕಟ್ಟಿದಳು, ಅದರ ಮಾರನೆಯ ದಿನವೂ. ಕುಪ್ಪಸ ಸಡಿಲವಾಯಿತು. ಕಷ್ಟಪಟ್ಟು ಜಗಲಿಯ ಮೇಲೆ ಕೂತು ಏಳುವಷ್ಟಾಯಿತು. ಹಾಸಿಗೆಯ ಮೇಲೆ ಕೂತು ಕಾಲು ನೀಡಿದರೆ ಮಂಡಿ ನೆಟ್ಟಗಾಗುತ್ತಿತ್ತು.

ಹೆಣ್ಣು ಕೂಸು ಎಂಬ ಸುದ್ದಿ ಬಂದದ್ದು ಹೆರಿಗೆಯಾಗಿ ಬಾಣಂತಿ ಮನೆಗೆ ಬಂದ ಮೇಲೆ. ಚಿಕ್ಕಬೀರಮ್ಮ ಬಟ್ಟೆಯ ಗಂಟು, ಒಂದು ಬಾಟಲಿ ಹರಳೆಣ್ಣೆ ಚೀಲದಲ್ಲಿ ಹಾಕಿಕೊಂಡು, ಹಸುವನ್ನು ಪಕ್ಕದ ಮನೆಗೆ ಒಪ್ಪಿಸಿ, ತಾಲ್ಲೂಕು ಊರಾದ ಕೋಟೆಗೆ ಹೋಗಿ, ಅಲ್ಲಿಂದ ಹುಣಸೂರಿಗೆ ಬಂದು, ಮಡಿಕೇರಿ ಬಸ್ಸು ಹಿಡಿದು ಕೊಪ್ಪದಲ್ಲಿ ಇಳಿದಳು. ಮರಮ್ಮ ಉಪಚಾರಕ್ಕೆ ಕಡಮೆ ಮಾಡಲಿಲ್ಲ. ಗಟ್ಟಿಯಾದ ಕುರ್ಚಿ ತಂದು ಹಾಕಿದಳು, ಕಾಫಿ ಕೊಟ್ಟಳು. ಕೂಸನ್ನು ಮಾತ್ರ ಈಗ ತಾನೇ ಮಲಗಿದೆ ಎಂದು ಒಳಗಿನಿಂದ ತರಲಿಲ್ಲ. ಚಿಕ್ಕಬೀರಮ್ಮ ತಂದ ಚೀಲವನ್ನು ಮರಮ್ಮ ಒಳಗೆ ಒಯ್ಯದೆ ಜಗಲಿಯಲ್ಲೇ ಇರಿಸಿದಳು, ಅದನ್ನು ಕಣ್ಣಂಚಿನಲ್ಲಿ ನೋಡುತ್ತಲೂ ಇದ್ದಳು.

ಮರಮ್ಮ ಹಿತ್ತಲಿಗೆ ಹೋದದ್ದನ್ನು ನೋಡಿ ಪವಿತ್ರಾ ತಾಯಿಯನ್ನು ಬಾಣಂತಿ ಕೋಣೆಗೆ ಕರೆದಳು. ಕೂಸನ್ನು ಸೆರಗಿನೊಳಗೆ ಅವುಚಿಕೊಂಡೇ ಕೇಳಿದಳು.

"ಅವ್ವ, ಆ ಮಾತ್ರೆಯ ತಂದಿದ್ದೀಯಾ ಚೀಲದಲ್ಲಿ?"

"ಯಾವ್ ಮಾತ್ರೆ ಮಗ?"

"ಹೊಟ್ಟೆ ಕರಗ್ಸದು. ನೀನು ಮನೇಲಿ ಮಡಿಕಂಡು ಯಾರ್‍ಯಾರಿಗೋ ಕೊಡ್ತಿದ್ದೀಯಂತೆ."

ಡೈರಿಯ ಸಾಲು, ಮಾಯಮ್ಮನ ಕಿವಿ, ಅಳಿಯನ ಮೆತ್ತಗಿನ ಮಾತು, ಎಲ್ಲ ಒಟ್ಟಿಗೆ ಅವಳಿಗೆ ಅರ್ಥವಾದವು. ಊರಿನವರು ನಂಬಲಿ. ಬೀಗರು ನಂಬಲಿ. ಅವಳು ಮಗಳ ಮುಖ ನೋಡಿದಳು.

"ನೀನೂ ನಂಬುದ್ಯಾ?"

"ಬಸ್ರಿ ಆಗಿದ್ನಲ್ಲವ್ವ ನಾನು. ಎದರಿಕೆ ಆಯ್ತಿತ್ತು," ಎಂದು ಪವಿತ್ರಾ ಅತ್ತಳು.

ಚಿಕ್ಕಬೀರಮ್ಮ ನಾಚಿಕೆ ಬಿಟ್ಟು ಎಲ್ಲ ಹೇಳಿದಳು, ದಪ್ಪ ಎಂಬ ಮಾತನ್ನೂ ಬಾಯಿ ಬಿಟ್ಟು ಆಡಿದಳು. ಹಿತ್ತಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಮರಮ್ಮ ಮೊದಲು ಬಾಯಿಗೆ ಸೆರಗಿಟ್ಟಳು, ಆಮೇಲೆ ತಡೆಯಲಾರದೆ ನಕ್ಕಳು. ಪವಿತ್ರಾ ಅಳುತ್ತಲೇ ನಕ್ಕಳು. ಚಿಕ್ಕಬೀರಮ್ಮನೂ ನಕ್ಕಳು, ಸ್ವಲ್ಪ ತಡವಾಗಿ. ಮಗಳು ಹೆದರಿದ್ದು ನನಗೆ ಎಂಬುದು ಒಳಗೆ ಮುಳ್ಳಿನ ಹಾಗೆ ಮುರಿದುಕೊಂಡಿತ್ತು, ಆ ನಗುವಿನಿಂದ ಅದು ಹೊರಗೆ ಬರಲಿಲ್ಲ. ಮರಮ್ಮ ಕೆಟ್ಟವಳಲ್ಲ. ಅವಳ ಎರಡೂ ಕೈ ಹಿಡಿದುಕೊಂಡು, "ಬೆಳಿಗ್ಗೆ ನೀವೇ ನೀರು ಹಾಕ್ಬೇಕು ಕಣಕ್ಕ," ಎಂದಳು.

ಬೆಳಿಗ್ಗೆ ಹಂಡೆ ಕಾದಿತ್ತು. ಕೊಪ್ಪದ ಆ ಮನೆಯ ಬಚ್ಚಲು ಹೊಸದು, ನುಣ್ಣನೆಯ ಗೋಡೆ, ನುಣ್ಣನೆಯ ನೆಲ. ಮಣೆ ಹಾಕಿ ಗೋಡೆಗೆ ಕೈಕೊಟ್ಟು ಚಿಕ್ಕಬೀರಮ್ಮ ಮೆಲ್ಲಗೆ ಇಳಿದಳು. ಮಂಡಿ ಕಿತ್ತು ಬರುವಂತೆ ನೊಂದಿತು. ಕಾಲು ನೀಡಿದಳು. ಮರಮ್ಮ ಕೂಸನ್ನು ತಂದು ಅವಳ ಕಾಲ ಮೇಲೆ ಮಲಗಿಸಿದಳು. ಎಳೆಯ ಮೈಯ ಬಿಸಿ ತಾಗಿದ್ದೇ ಅವಳ ಕೈಗೆ ಎಲ್ಲ ನೆನಪಾಯಿತು. ಎಣ್ಣೆ ಹಚ್ಚಿ, ತೋಳು ಮಡಚಿ ಬಿಡಿಸಿ, ಮೂಗು ನೀವಿ, ನೆತ್ತಿ ತಟ್ಟಿ, ಕೈಯಿಂದ ನೀರಿನ ಬಿಸಿ ನೋಡಿ ನೋಡಿ ಹಾಕಿದಳು. ಮೊದಲು ಚೀರಿದ ಕೂಸು ಆಮೇಲೆ ಸುಮ್ಮನಾಗಿ ಅವಳ ಮುಖವನ್ನೇ ನೋಡತೊಡಗಿತು. ಇಷ್ಟು ವರ್ಷದಲ್ಲಿ ಅವಳು ಹಾಗೆ ಸುಖಪಟ್ಟಿರಲಿಲ್ಲ. ಕೊನೆಯ ಚೊಂಬಿನ ನೀರನ್ನು ನೀವಾಳಿಸಿ ಚೆಲ್ಲಿದಳು. ಗಾಳಿ ತಾಗೀತೆಂದು ಮರಮ್ಮ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸರಸರನೆ ಒಳಗೆ ಹೋದಳು.

ಸಾಂಬ್ರಾಣಿಯ ವಾಸನೆ ಬಂತು. ಪವಿತ್ರಾಳ ಜೋಗುಳ ಕೇಳಿಸಿತು, ನಿಂತಿತು. ಚಿಕ್ಕಬೀರಮ್ಮ ಏಳಲು ನೋಡಿದಳು. ಮಂಡಿ ಮಡಚಲಿಲ್ಲ. ಕೈಯೂರಿದರೆ ಎಣ್ಣೆಯ ನೆಲ ಜಾರಿತು, ಗೋಡೆಯಲ್ಲಿ ಹಿಡಿಯಲು ಏನೂ ಇರಲಿಲ್ಲ. ಡಾಕ್ಟರನ್ನು, ಶಿವನಂಜಪ್ಪನನ್ನು, ಆಫೀಸಿನ ಹುಡುಗನನ್ನು, ದೇವರನ್ನು ಅವಳು ಕೇಳಿಕೊಂಡದ್ದೆಲ್ಲ ನೆಲಕ್ಕೆ ಕೂರುವುದನ್ನು. ಎದ್ದೇಳುವ ವಿಚಾರ ಅವಳಿಗೆ ಒಂದು ದಿನವೂ ಹೊಳೆದಿರಲಿಲ್ಲ.

ಕೂಗಬಹುದಿತ್ತು. ಕೂಗಿದರೆ ಕೂಸು ಎದ್ದುಬಿಡುತ್ತದೆ. ಒಬ್ಬರಿಂದ ಆಗದು, ಅಳಿಯನನ್ನೂ ಕರೆಯುತ್ತಾರೆ. ನಾಳೆಯಿಂದ ಬೇಡ ಅಕ್ಕ, ನಿಮಗೆ ಯಾಕೆ ತೊಂದರೆ ಎನ್ನುತ್ತಾರೆ.

ಹೊರಗೆ ಹೆಜ್ಜೆ ಸದ್ದಾಯಿತು. ಬೀಗಿತ್ತಿ ಸ್ನಾನ ಮಾಡುತ್ತಿರಬೇಕು ಎಂದು ಮರಮ್ಮ ಯಾರಿಗೋ ಪಿಸುದನಿಯಲ್ಲಿ ಹೇಳಿ, ಮರ್ಯಾದೆಗೆ ಬಚ್ಚಲ ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಎಳೆದು ಹೋದಳು. ಚಿಕ್ಕಬೀರಮ್ಮ ಉಟ್ಟ ಒದ್ದೆ ಸೀರೆಯಲ್ಲೇ ಕಾಲು ನೀಡಿಕೊಂಡು ಕೂತಿದ್ದಳು. ಸ್ನಾನದ ಸದ್ದು ಕೇಳಲಿ ಎಂದು ಆಗಾಗ ಒಂದು ಚೊಂಬು ನೀರನ್ನು ತನ್ನ ಬರಿಗಾಲಿನ ಮೇಲೆ ಸುರಿದುಕೊಳ್ಳುತ್ತಿದ್ದಳು.